ತಂಗಿಯ ಗಾಡಿಗೆ ಎಳೆದ ವಯರು

ನನ್ನ ತಂಗಿಯ ಗಂಡ ಇಪ್ಪತ್ತಾರು ವರ್ಷಗಳಲ್ಲಿ ಒಮ್ಮೆಯೂ ನನ್ನ ಅಂಗಡಿಯೊಳಗೆ ಕಾಲಿಟ್ಟವನಲ್ಲ. ಪಡೀಲಿನಲ್ಲಿ, ಬಂಟ್ವಾಳದ ಕಡೆಗೆ ಹೋಗುವ ರಸ್ತೆಯ ಬದಿಯಲ್ಲೇ ನನ್ನ ಅಂಗಡಿ. ವಾಹನಗಳ ವಯರಿಂಗ್ ನನ್ನ ಕೆಲಸ. ಅವನು ಕಾರು ತಂದು ಎದುರಿಗೆ ನಿಲ್ಲಿಸುತ್ತಾನೆ, ಗಾಜು ಕೂಡ ಇಳಿಸುವುದಿಲ್ಲ, ಹಾರ್ನ್ ಹೊಡೆಯುತ್ತಾನೆ. ನಾನು ಕೈ ಒರೆಸಿಕೊಂಡು ಹೊರಗೆ ಹೋಗಬೇಕು. ನಾನೂ ಕಡಿಮೆಯವನಲ್ಲ, ಮೂರು ಸಲ ಹೊಡೆಸಿಯೇ ಏಳುತ್ತಿದ್ದೆ. ಎದುರು ಸಿಕ್ಕಿದಾಗ ‘ನೀವು’ ಎನ್ನುತ್ತೇನೆ. ಇಲ್ಲಿ ಅವನು ಎಂದೇ ಬರೆಯುತ್ತೇನೆ, ಅಷ್ಟಾದರೂ ನನಗೆ ಸಲ್ಲಬೇಕು.

ಅವನ ಮನೆತನದ ಗದ್ದೆಗಳನ್ನು ನನ್ನ ಅಜ್ಜ ಗೇಣಿಗೆ ಮಾಡಿದವರು. ಗದ್ದೆಗಳು ಹೋದವು, ಅವರು ಹೋಟೆಲ್ ಮಾಡಿದರು, ನಾವು ಒಬ್ಬೊಬ್ಬರು ಒಂದೊಂದು ಕಸುಬು ಹಿಡಿದೆವು. ನನ್ನ ತಂಗಿ ಅವನನ್ನು ಇಷ್ಟಪಟ್ಟು ಮದುವೆಯಾದಳು. ಆಗ ಎರಡೂ ಮನೆಯಲ್ಲಿ ಆದ ರಂಪ ಇನ್ನೂ ಪೂರ್ತಿ ಆರಿಲ್ಲ. ನನ್ನನ್ನು ಅವನು ಯಾವತ್ತೂ ‘ಭಾವ’ ಎಂದು ಕರೆದಿಲ್ಲ. ‘ಇವರೇ’ ಎನ್ನುತ್ತಾನೆ, ಬಸ್ಸಿನಲ್ಲಿ ಪಕ್ಕದ ಸೀಟಿನವರನ್ನು ಸರಿಯಲು ಹೇಳುವಂತೆ.

ತಂಗಿಯ ರೀತಿ ಬೇರೆ. ಉರ್ವದ ಮಾರ್ಕೆಟ್ಟಿಗೆ ಬಂದವಳು ಸ್ಕೂಟರನ್ನು ಅಲ್ಲಿಂದ ಇಲ್ಲಿಯವರೆಗೆ ಓಡಿಸಿಕೊಂಡು ಬಂದು, ಸೀದಾ ಒಳಗೆ ನುಗ್ಗಿ, ಮೂಲೆಯಲ್ಲಿರುವ ಹಳೇ ಲಾರಿ ಬ್ಯಾಟರಿಯ ಮೇಲೆ ಕೂತುಬಿಡುತ್ತಿದ್ದಳು. ಸ್ಟೂಲ್ ಕೊಟ್ಟರೂ ಬೇಡ. ಬ್ಯಾಗಿನಿಂದ ಡಬ್ಬ ತೆಗೆದು, “ತಿನ್ನು, ಆಮೇಲೆ ಬೈ” ಎನ್ನುತ್ತಿದ್ದಳು. ಡಬ್ಬದಲ್ಲಿ ಅವಳ ಕೈಯ ಪುಳಿಮುಂಚಿ, ಹುಳಿ ಖಾರದ ಮೀನಿನ ಸಾರು. ಹೋಟೆಲಿನ ಬೋರ್ಡಿನಲ್ಲಿ ಅವನ ಅಜ್ಜನ ಹೆಸರಿದೆ. ಒಳಗಿನ ಮಸಾಲೆ ಇಪ್ಪತ್ತಾರು ವರ್ಷಗಳಿಂದ ನನ್ನ ತಂಗಿಯದು. ಅದನ್ನು ಯಾರೂ ಎಲ್ಲಿಯೂ ಬರೆದಿಲ್ಲ.

ಹಾಗಿದ್ದವಳಿಗೆ ಐವತ್ತನೇ ವಯಸ್ಸಿಗೆ ತನ್ನದೇ ಆದ ಅಡುಗೆಮನೆ ಬೇಕೆನಿಸಿತು. ಎರಡು ಚಕ್ರದ, ಕಾರಿನ ಹಿಂದೆ ಸಿಕ್ಕಿಸಿ ಎಳೆಯುವ ಪುಟ್ಟ ಅಡುಗೆಮನೆ. ಒಂದು ಬದಿಯ ಹಲಗೆ ಎತ್ತಿದರೆ ಕೌಂಟರ್, ಒಳಗೆ ಎರಡು ಒಲೆ, ನೀರುದೋಸೆಯ ಕಾವಲಿ. ಬೋಳಾರದಲ್ಲಿ, ಮಂಗಳಾದೇವಿ ದೇವಸ್ಥಾನದಿಂದ ಸ್ವಲ್ಪ ಕೆಳಗೆ, ಒಬ್ಬರು ತಮ್ಮ ಕಂಪೌಂಡಿನ ಎದುರಿನ ಜಾಗ ಕೊಡಲು ಒಪ್ಪಿದ್ದರು. ಒಂದನೇ ತಾರೀಕಿಗೆ ಶುರುವಾಗಬೇಕು, ಇಲ್ಲದಿದ್ದರೆ ಕಾಯುತ್ತಿರುವ ಬೇರೆಯವರಿಗೆ ಕೊಡುತ್ತೇನೆ ಎಂದಿದ್ದರು.

ಗಂಡನಿಗೆ ಇದು ಮರ್ಯಾದೆಯ ಪ್ರಶ್ನೆ. ಹೋಟೆಲ್ ಇರುವವನ ಹೆಂಡತಿ ರಸ್ತೆಬದಿಯಲ್ಲಿ ನಿಂತು ದೋಸೆ ಹುಯ್ಯುವುದೇ? ಅವಳು ಒಂದೇ ಮಾತು ಹೇಳಿದಳಂತೆ: “ಕಾರು ನನ್ನ ಹೆಸರಿನಲ್ಲಿ ಉಂಟು. ಹುಕ್ಕು ನಾನು ಹಾಕಿಸ್ತೇನೆ.” ನಿಜ, ಯಾವುದೋ ಅನುಕೂಲಕ್ಕೆ ಆ ಕಾರನ್ನು ಅವನೇ ಅವಳ ಹೆಸರಿನಲ್ಲಿ ಮಾಡಿಸಿದ್ದ. ಪೆಟ್ರೋಲೂ ಕುಡಿಯುತ್ತದೆ, ಮನೆಯ ಗೋಡೆಗೆ ಸಿಕ್ಕಿಸಿದರೆ ಕರೆಂಟನ್ನೂ ತಿನ್ನುತ್ತದೆ, ಅಂಥ ಕಾರು. ಎಷ್ಟು ಭಾರ ಎಳೆಯಬಹುದೆಂದು ಅದರ ಪುಸ್ತಕದಲ್ಲೇ ಬರೆದಿತ್ತು. ತಂಗಿಯ ಗಾಡಿ ಅದಕ್ಕಿಂತ ಹಗುರ. ಆ ಕಾರಿಗೇ ಒಗ್ಗುವ ಹಿಂಬದಿಯ ಕಬ್ಬಿಣದ ಅಡ್ಡಪಟ್ಟಿ, ಗುಂಡು ಕೊಂಡಿ, ಜೊತೆಗೆ ಗಾಡಿಯ ದೀಪಗಳಿಗೆ ಕರೆಂಟು ಕೊಡುವ ಒಂದು ಕಪ್ಪು ಡಬ್ಬಿ, ಎಲ್ಲವನ್ನೂ ಅವಳೇ ಹುಡುಕಿ ತರಿಸಿದ್ದಳು.

ಗಾಡಿ ಕಟ್ಟಿದವರು ಅದನ್ನು ಮೊದಲೇ ನನ್ನ ಅಂಗಡಿಯ ಬದಿಗೆ ತಂದು ನಿಲ್ಲಿಸಿದ್ದರು. ಇಪ್ಪತ್ತಾರನೇ ತಾರೀಕು ಬೆಳಿಗ್ಗೆ ಇಬ್ಬರೂ ಕಾರಿನಲ್ಲಿ ಬಂದರು. ತಂಗಿ ಇಳಿದಳು, ಅವನು ಇಳಿಯಲಿಲ್ಲ. ನಾವು ಆಡುವುದು ತುಳುವಿನಲ್ಲಿ. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

“ಅಣ್ಣ, ಈ ಡಬ್ಬಿಯಲ್ಲಿ ಒಂದು ಪುಸ್ತಕ ಉಂಟು, ಅದನ್ನು ಓದಿಯೇ ಮಾಡು. ಇದಿಲ್ಲದೆ ಕಾರಿನ ವಯರು ಮುಟ್ಟಬಾರ್ದಂತೆ. ಸರ್ವಿಸ್ ಸೆಂಟರಿನವರು ಹೇಳಿದ್ದಾರೆ.”

ಸರ್ವಿಸ್ ಸೆಂಟರಿನವರು ಎಂಬ ಮಾತಿಗೇ ನನಗೆ ಮೈ ಉರಿಯಿತು. ಅಷ್ಟರಲ್ಲಿ ಅವನು ಗಾಜನ್ನು ನಾಲ್ಕು ಬೆರಳು ಇಳಿಸಿದ.

“ಇವರೇ, ಇದು ನಿಮ್ಮ ಹಳೇ ಜೀಪ್ ಅಲ್ಲ. ಗೊತ್ತಾಗದಿದ್ರೆ ಬಿಡಿ, ನಾಚಿಕೆ ಎಂತ ಇಲ್ಲ.”

“ಸಂಜೆಗೆ ಕಾರು ತಕ್ಕೊಂಡು ಹೋಗಿ” ಎಂದೆ. ಅವರನ್ನು ರಿಕ್ಷಾ ಹತ್ತಿಸಿದೆ. ಡಬ್ಬಿಯನ್ನು ಪ್ಲಾಸ್ಟಿಕ್ ಹೊದಿಕೆಯ ಸಮೇತ ಮೇಲಿನ ಶೆಲ್ಫಿಗೆ ಎಸೆದೆ.

ಕಬ್ಬಿಣದ ಕೆಲಸ ಮಾತ್ರ ಚೆನ್ನಾಗಿ ಮಾಡಿದೆ, ಅದನ್ನು ಈಗಲೂ ಯಾರ ಎದುರಿಗೂ ಹೇಳುತ್ತೇನೆ. ಬಂಪರ್ ಬಿಚ್ಚಿ, ಚಾಸಿಯಲ್ಲಿ ಮೊದಲೇ ಇದ್ದ ತೂತುಗಳಿಗೆ ಪಟ್ಟಿ ಕೂರಿಸಿ, ಒಂದೊಂದು ಬೋಲ್ಟನ್ನೂ ಅಳೆದು ಬಿಗಿದೆ. ಅಡಿಯಲ್ಲಿ ಹಾದುಹೋಗುವ ಕಿತ್ತಳೆ ಬಣ್ಣದ ದಪ್ಪ ಕೇಬಲ್ಲಿನ ಹತ್ತಿರ ಸುಳಿಯಲಿಲ್ಲ; ಅದು ಜೀವ ತೆಗೆಯುವ ಕರೆಂಟು, ಅಷ್ಟು ನನಗೂ ಗೊತ್ತು. ಉಳಿದದ್ದು ಗಾಡಿಯ ದೀಪಗಳು. ಬ್ರೇಕ್, ಎಡ, ಬಲ, ಪಾರ್ಕಿಂಗ್. ನಾಲ್ಕು ವಯರು. ನಾಲ್ಕು ವಯರಿಗೆ ನಾನು ಪುಸ್ತಕ ಓದಬೇಕೇ?

ನಮ್ಮ ಕಸುಬಿನಲ್ಲಿ ಟೆಸ್ಟ್ ಲ್ಯಾಂಪ್ ಅಂತ ಒಂದಿದೆ. ಒಂದು ಬಲ್ಬು, ಅದಕ್ಕೆ ಎರಡು ವಯರು, ಒಂದರ ತುದಿಗೆ ಸೂಜಿ. ಇನ್ನೊಂದು ತುದಿಯನ್ನು ಕಾರಿನ ಬಾಡಿಯ ಕಬ್ಬಿಣಕ್ಕೆ ಕಚ್ಚಿಸಿ, ಸೂಜಿಯನ್ನು ಕಾರಿನ ವಯರಿಗೆ ಚುಚ್ಚಿದರೆ, ಕರೆಂಟಿರುವ ವಯರಿನಲ್ಲಿ ಬಲ್ಬು ಹತ್ತುತ್ತದೆ. ಮೂವತ್ತೈದು ವರ್ಷ ಲಾರಿ, ಬಸ್ಸು, ಜೀಪುಗಳನ್ನು ಹೀಗೇ ಚುಚ್ಚಿದ್ದೇನೆ. ಈ ಕಾರನ್ನೂ ಚುಚ್ಚಿದೆ. ಹತ್ತಿತು. ಹಲ್ಲಿನಿಂದ ಸಿಪ್ಪೆ ಸುಲಿದು, ತಿರುಚಿ, ಟೇಪು ಸುತ್ತಿದೆ. ಗಾಡಿಯ ನಾಲ್ಕೂ ದೀಪ ಹತ್ತಿದವು. ನಾಲ್ಕೂ ಹಳೇ ಕಾಲದ ದೊಡ್ಡ ಬಲ್ಬುಗಳು. ಕಾರಿನ ದೀಪಗಳಾದರೋ ಕಡಲೆಬೇಳೆಯಷ್ಟು ಕರೆಂಟು ತಿನ್ನುವಂಥವು. ಅಷ್ಟಕ್ಕೇ ಎಂದು ಮಾಡಿದ ವಯರಿನ ಮೇಲೆ ನಾನು ಅದರ ಹತ್ತುಪಟ್ಟು ಹೊರಿಸಿದ್ದೆ.

ಸಂಜೆ ತಂಗಿ ಒಬ್ಬಳೇ ಬಂದಳು. ಬ್ರೇಕ್ ತುಳಿದು ತುಳಿದು, ಹಿಂದೆ ತಿರುಗಿ ತಿರುಗಿ ತನ್ನ ಗಾಡಿಯ ಕೆಂಪು ದೀಪ ನೋಡಿದಳು. “ಡಬ್ಬಿ ಹಾಕಿದ್ಯಾ?” ಎಂದಳು. “ಹಾಕಿದೆ” ಎಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು! ಅವಳು ಗಾಡಿ ಎಳೆದುಕೊಂಡು ಬೋಳಾರಕ್ಕೆ ಹೊರಟಳು.

ಅರ್ಧ ಗಂಟೆಯಲ್ಲಿ ಫೋನು ಬಂತು. ಪಂಪ್‌ವೆಲ್ಲಿನಲ್ಲಿ ಕಾರು ನಿಂತುಬಿಟ್ಟಿದೆ, ಎದುರಿನ ಪರದೆ ತುಂಬ ಕೆಂಪು ಅಕ್ಷರ, ಹಿಂದೆ ಬಸ್ಸುಗಳ ಸಾಲು. ಅವಳು ಗಂಡನಿಗಿಂತ ಮೊದಲು ನನಗೆ ಫೋನು ಮಾಡಿದ್ದಳು. ನಾನು ಸ್ಕೂಟರಿನಲ್ಲಿ ಹೋದಾಗ ಅವಳು ಟ್ರಾಫಿಕ್ ಪೊಲೀಸರ ಹತ್ತಿರ ಕೈಮುಗಿದು ಮಾತಾಡುತ್ತಿದ್ದಳು. ಆ ಹೊತ್ತಿನಲ್ಲಿ ನಾನು ಏನು ಮಾಡಿದೆ ಗೊತ್ತೇ? ಕಾರಿನ ಡಿಕ್ಕಿ ತೆರೆದು, ನನ್ನ ಜಾಯಿಂಟುಗಳನ್ನು ಕಿತ್ತು ಜೇಬಿಗೆ ತುರುಕಿ, ಚುಚ್ಚಿದ ಜಾಗಕ್ಕೆ ಅಚ್ಚುಕಟ್ಟಾಗಿ ಟೇಪು ಹಾಕಿದೆ. ನನ್ನ ಜೀವನದಲ್ಲಿ ಅಷ್ಟು ನೀಟಾಗಿ ನಾನು ಟೇಪು ಸುತ್ತಿದ್ದಿಲ್ಲ.

ಅವನು ಬಂದ. “ಎಂತ ಮಾಡಿ ಹಾಕಿದ್ದು?” ಎಂದ.

“ಡಬ್ಬಿ ಹಾಳಿತ್ತು. ನಾನು ತೆಗೆದೆ” ಎಂದೆ.

ಅವನು ನಕ್ಕ. ಕಾರು ಹಾಳಾದ ಬೇಸರ ಆ ಮುಖದಲ್ಲಿ ಎಲ್ಲೂ ಇರಲಿಲ್ಲ.

ದೀಪಗಳನ್ನು ಆಳುವ ಯಂತ್ರ ಸುಟ್ಟಿದೆ, ಯಾಕೆಂದು ಹೇಳಲಾಗುವುದಿಲ್ಲ, ಹೊಸತು ಬರಲು ನಾಲ್ಕು ವಾರ ಎಂದರು ಸರ್ವಿಸ್ ಸೆಂಟರಿನವರು. ಹೋಟೆಲಿನ ಜೀಪಿಗೆ ಕೊಂಡಿ ಹಾಕಿಸಲು ಅವನು ಬಿಡಲಿಲ್ಲ. ಆ ಅಳತೆಯ ಕೊಂಡಿಯಿರುವ ಬಾಡಿಗೆ ಜೀಪನ್ನು ತಂಗಿ ಊರೆಲ್ಲ ಹುಡುಕಿದಳು, ಸಿಗಲಿಲ್ಲ. ಒಂದನೇ ತಾರೀಕು ಬಂತು, ಹೋಯಿತು. ಬೋಳಾರದ ಜಾಗದಲ್ಲಿ ಯಾರದೋ ಕಬ್ಬಿನ ಹಾಲಿನ ಗಾಡಿ ನಿಂತಿತು.

ಹತ್ತನೇ ತಾರೀಕಿನ ಹೊತ್ತಿಗೆ ಅವಳು ಅಂಗಡಿಗೆ ಬಂದಳು. ಬ್ಯಾಟರಿಯ ಮೇಲೆ ಕೂತಳು. ಕಣ್ಣಿನ ಕೆಳಗೆ ಕಪ್ಪಾಗಿತ್ತು.

“ದಿನಾ ಅದೇ ಜಗಳ, ಅಣ್ಣ. ನಿನ್ನ ಅಣ್ಣನೇ ಸುಟ್ಟದ್ದು, ನಿನ್ನ ಅಣ್ಣನೇ ಸುಟ್ಟದ್ದು ಅಂತ ಇವರು. ಡಬ್ಬಿ ಮಾರಿದವನಿಗೆ ಫೋನ್ ಮಾಡಿ ಬಾಯಿಗೆ ಬಂದ ಹಾಗೆ ಬೈದಿದ್ದೇನೆ ನಾನು. ಪಾಪ, ಅವ ಅಳುವ ಹಾಗೆ ಮಾತಾಡಿದ. ಕೊನೆಗೆ ನಿನ್ನೆ ಇವರಿಗೆ ಹೇಳಿಯೇ ಬಿಟ್ಟೆ. ನನ್ನ ಅಣ್ಣ ಸುಳ್ಳು ಹೇಳುವ ಜನ ಅಲ್ಲ, ಸಂಕ್ರಮಣಕ್ಕೆ ನಿಮ್ಮ ಮನೆ ದೈವದ ಎದುರು ನಿಂತು ಹೇಳ್ತಾನೆ, ಆಗ ಬಾಯಿ ಮುಚ್ಚಿ ಅಂತ.”

“ಯಾರನ್ನು ಕೇಳಿ ಹೇಳಿದ್ದು ಮಾರಾಯ್ತಿ?” ಎಂದು ರೇಗಿದೆ. ದೈವದ ಎದುರು ಸುಳ್ಳಾಡಿದವನು ಉಳಿಯುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ.

“ಕೇಳ್ಲಿಕ್ಕೆ ಎಂತ ಉಂಟು? ಇದ್ದದ್ದು ಇದ್ದ ಹಾಗೆ ಹೇಳುದು, ಅಷ್ಟೇ ಅಲ್ವಾ?”

ಅವಳ ತಲೆಯ ಮೇಲಿನ ಶೆಲ್ಫಿನಲ್ಲಿ ಆ ಡಬ್ಬಿ ಇತ್ತು. ಕತ್ತೆತ್ತಿದ್ದರೆ ಕಾಣುತ್ತಿತ್ತು. ಅವಳು ಎತ್ತಲಿಲ್ಲ. ನನ್ನ ಅಂಗಡಿಯಲ್ಲಿ ಅವಳು ಯಾವತ್ತೂ ಏನನ್ನೂ ಹುಡುಕಿದವಳಲ್ಲ.

ಅವಳು ಹೋದ ಮೇಲೆ ಡಬ್ಬಿ ಇಳಿಸಿದೆ. ಸತ್ಯ ಬರೆಯುತ್ತೇನೆ: ಅದನ್ನು ಬ್ಯಾಟರಿಗೆ ಅಡ್ಡಾದಿಡ್ಡಿ ಕೊಟ್ಟು ಸುಟ್ಟು, ‘ನೋಡಿ, ಹಾಳಾದ ಡಬ್ಬಿ’ ಎಂದು ತೋರಿಸಬೇಕು ಎಂದೇ ಇಳಿಸಿದ್ದು. ಹೊದಿಕೆ ಕತ್ತರಿಸಿದಾಗ ಪುಸ್ತಕ ಕೆಳಗೆ ಬಿತ್ತು. ಪುಸ್ತಕವೇನು, ಎಂಟು ಪುಟದ ಕಾಗದ. ಮೊದಲ ಪುಟದಲ್ಲೇ ಚಿತ್ರ ಬರೆದು ತೋರಿಸಿದ್ದರು: ದೀಪದ ವಯರಿಗೆ ನೇರ ಜೋಡಿಸಬೇಡಿ, ಡಬ್ಬಿಗೆ ಬ್ಯಾಟರಿಯಿಂದ ಫ್ಯೂಸ್ ಹಾಕಿ ಬೇರೆ ವಯರು ತನ್ನಿ, ಕಾರಿನ ದೀಪದಿಂದ ಸುಳಿವು ಮಾತ್ರ ತೆಗೆದುಕೊಳ್ಳಿ. ಪೂರ್ತಿ ಓದಿದೆ. ಕಷ್ಟದ್ದೇನೂ ಇರಲಿಲ್ಲ. ನನಗೆ ಒಂದು ಗಂಟೆಯ ಕೆಲಸ. ಆ ಒಂದು ಗಂಟೆ ನನ್ನ ಸೊಕ್ಕಿಗೆ ಸಿಕ್ಕಿರಲಿಲ್ಲ.

ಸಂಕ್ರಮಣದ ಬೆಳಿಗ್ಗೆ, ಸುಡದೆ ಉಳಿಸಿದ ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡು, ಏನು ಹೇಳುವುದೆಂದು ತೀರ್ಮಾನಿಸದೆಯೇ ಅವರ ಕುಟುಂಬದ ಮನೆಗೆ ಹೋದೆ. ಆ ಅಂಗಳದ ಕತೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ನನ್ನ ಅಜ್ಜ ಭತ್ತ ಕದ್ದಿದ್ದಾರೆಂದು ಇವರ ಹಿರಿಯರು ಹೇಳಿ, ಇದೇ ದೈವದ ಎದುರು ನಿಲ್ಲಿಸಿದ್ದರು. ಚಾವಡಿಗೆ ಹತ್ತಿಸಿರಲಿಲ್ಲ, ಅಂಗಳದಲ್ಲೇ. ಅಜ್ಜ ನಿಜವನ್ನೇ ಹೇಳಿದ್ದರು. ಆದರೂ ಯಾರೂ ನಂಬಲಿಲ್ಲ ಎಂದು ಸಾಯುವವರೆಗೂ ಕೊರಗಿದರು. ನನ್ನನ್ನು ಚಾವಡಿಗೆ ಕರೆದರು, ಮಣೆ ಹಾಕಿದರು. ಸುಳ್ಳು ಜೇಬಿನಲ್ಲಿಟ್ಟುಕೊಂಡು ಬಂದವನಿಗೆ ಮಣೆ!

ಚಾವಡಿಯಲ್ಲಿ ದೈವವನ್ನು ನೆಲೆಗೊಳಿಸಿದ ಮಂಚಕ್ಕೆ ಹೂವಿಟ್ಟು, ಕುಟುಂಬದ ಹಿರಿಯರು ಪ್ರಾರ್ಥನೆ ಮಾಡಿ, “ಹೇಳುವುದಿದ್ದರೆ ಹೇಳಿ” ಎಂದರು. ಅವನು ಕೈಕಟ್ಟಿ ಕಂಬಕ್ಕೆ ಒರಗಿದ್ದ. ತಂಗಿ ನನ್ನ ಪಕ್ಕದಲ್ಲೇ ತಲೆಯೆತ್ತಿ ನಿಂತಿದ್ದಳು. ಇಪ್ಪತ್ತಾರು ವರ್ಷ ಆ ಮನೆಯಲ್ಲಿ ಅವಳು ಹಾಗೆ ನಿಂತದ್ದು ನಾನು ನೋಡಿರಲಿಲ್ಲ.

ಒಂದೇ ವಾಕ್ಯ ಸಾಕಿತ್ತು. ಅವಳು ಗೆಲ್ಲುತ್ತಿದ್ದಳು, ಅವನ ಬಾಯಿ ಮುಚ್ಚುತ್ತಿತ್ತು. ಬಾಯಿ ತೆರೆದೆ, ಇದೇ ದೈವದ ಎದುರು ನಿಜ ಹೇಳಿದ ಅಜ್ಜನ ನೆನಪಾಯಿತು. ಚೀಲದಿಂದ ಡಬ್ಬಿ ತೆಗೆದು ಮಂಚದ ಕೆಳಗಿಟ್ಟೆ.

“ಡಬ್ಬಿ ಇಲ್ಲುಂಟು. ನಾನು ಹಾಕಿಯೇ ಇಲ್ಲ. ವಯರಿಗೆ ವಯರು ತಿರುಚಿ ಕೊಟ್ಟದ್ದು. ಸುಟ್ಟದ್ದು ನಾನೇ.”

ಅವನು ಕಂಬ ಬಿಟ್ಟು ಹತ್ತಿರ ಬಂದ, ನನ್ನ ಭುಜದ ಮೇಲೆ ಕೈಯಿಟ್ಟ. “ಇರ್ಲಿ. ಊಟ ಮಾಡಿಯೇ ಹೋಗ್ಬೇಕು, ಭಾವ” ಎಂದ.

ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಭಾವ ಎಂದ. ಗೆದ್ದ ಖುಷಿಗೆ ಎಂದ. ಆ ಕೈಯನ್ನು ಕಡಿದು ಬಿಸಾಡಬೇಕು ಅನ್ನಿಸಿತು. ಇವತ್ತಿಗೂ ಅನ್ನಿಸುತ್ತದೆ.

ತಂಗಿ ಗೇಟಿನವರೆಗೆ ನನ್ನ ಹಿಂದೆ ಬಂದಳು. ಅಳುತ್ತಾಳೆ, ಬೈಯುತ್ತಾಳೆ ಅಂದುಕೊಂಡಿದ್ದೆ.

“ಪಂಪ್‌ವೆಲ್ಲಿನಲ್ಲೇ ನನ್ಗೆ ಹೇಳ್ಬಹುದಿತ್ತು” ಎಂದಳು. “ಆ ಡಬ್ಬಿಯವನಿಗೆ ನಾನು ಎಂತೆಲ್ಲ ಹೇಳಿದೆ ಗೊತ್ತುಂಟಾ ನಿನ್ಗೆ? ಇವರ ಹತ್ರ ಮೂರು ವಾರ ಜಗಳ ಮಾಡಿದೆ. ನೀನು ಇವರೆಲ್ಲರ ಎದುರು ನಿಲ್ಲುವವರೆಗೆ ಕಾದೆ.”

ಅವಳು ಒಳಗೆ ಹೋದಳು. ನಾನು ಉಣ್ಣದೆ ಬಂದೆ.

ನಾಲ್ಕು ತಿಂಗಳು ಅವಳು ಬರಲಿಲ್ಲ, ಫೋನು ಎತ್ತಲಿಲ್ಲ. ಹಳೆಯ ಜೀಪೊಂದನ್ನು ಕೊಂಡು, ಅದಕ್ಕೆ ಕೊಂಡಿ ಹಾಕಿಸಿ, ಗಾಡಿಯನ್ನು ಬೇರೆಲ್ಲೋ ನಿಲ್ಲಿಸುತ್ತಿದ್ದಾಳೆ ಎಂದು ಗಿರಾಕಿಗಳ ಬಾಯಲ್ಲಿ ಕೇಳಿದೆ. ನೀರುದೋಸೆಗೆ ಸಾಲು ನಿಲ್ಲುತ್ತಾರಂತೆ. ವಯರಿಂಗ್ ಯಾರು ಮಾಡಿದರು ಎಂದು ನಾನು ಯಾರನ್ನೂ ಕೇಳಲಿಲ್ಲ.

ಮೊನ್ನೆ ಮಧ್ಯಾಹ್ನ ಅಂಗಡಿಯೆದುರು ಹಾರ್ನ್ ಆಯಿತು. ಹೊರಗೆ ಬಂದು ನೋಡಿದರೆ ಜೀಪಿನಲ್ಲಿ ತಂಗಿ, ಹಿಂದೆ ಅವಳ ಗಾಡಿ. ಎಂಜಿನ್ ಆಫ್ ಮಾಡಿರಲಿಲ್ಲ.

“ಗಾಡಿಯ ಎಡದ ಇಂಡಿಕೇಟರ್ ಹತ್ತುದಿಲ್ಲ” ಎಂದಳು, ಮುಂದಿನ ರಸ್ತೆ ನೋಡುತ್ತಲೇ.

ಬಗ್ಗಿ ನೋಡಿದೆ. ಅರ್ತಿಂಗ್ ವಯರನ್ನು ಪೇಂಟಿನ ಮೇಲೇ ಬಿಗಿದಿದ್ದರು, ಕಬ್ಬಿಣಕ್ಕೆ ತಾಗುತ್ತಲೇ ಇರಲಿಲ್ಲ. ಕೆರೆದು, ತಿರುಗಿ ಬಿಗಿದೆ, ಹತ್ತಿತು.

“ಒಳಗೆ ಬಾ, ಚಾ ತರಿಸ್ತೇನೆ” ಎಂದೆ.

“ಹೊತ್ತಾಯ್ತು.”

ಇಂಡಿಕೇಟರ್ ಹಾಕಿ, ಹಿಂದೆ ಬರುವ ಬಸ್ಸಿಗೆ ದಾರಿ ಬಿಟ್ಟು, ನಿಧಾನಕ್ಕೆ ರಸ್ತೆಗೆ ಇಳಿದಳು. ಒಳಗೆ ಬಂದು ಬ್ಯಾಟರಿಯ ಮೇಲಿದ್ದ ಬಟ್ಟೆ, ಸ್ಪಾನರು ತೆಗೆದು ಒರೆಸಿಟ್ಟೆ. ಗಂಡನ ಹಾಗೇ ಅವಳೂ ಕೂತಲ್ಲಿಂದ ಹಾರ್ನ್ ಹೊಡೆದಿದ್ದಳು. ನಾನು ಒಂದನೇ ಹಾರ್ನಿಗೇ ಎದ್ದು ಹೋಗಿದ್ದೆ.