ಒಂದೇ ಸಲ ಕೇಳಬೇಕು ಅಂತ ಬರೆದವರಿಗೆ

ಹೋದ ವಾರ ಮಗಳು ಗಿರಿಜಾ ನನ್ನ ಫೋನಿಗೆ ಏನೋ ಕಳಿಸಿದಳು. "ಅಪ್ಪಾ, ನಿನಗಂತನ ಕಳಿಸೀನಿ, ಓದು" ಅಂತ ಬರೆದು, ಜೊತೆಗೆ ಹಲ್ಲು ಕಿಸಿಯುವ ಒಂದು ಹಳದಿ ಮುಖ. ತೆರೆದು ನೋಡಿದರೆ, ಸಭ್ಯವಾಗಿ ನಡೆದುಕೊಳ್ಳುವುದು ಹೇಗೆ ಅಂತ ಕಲಿಸುವ ಪುಸ್ತಕಗಳು ಸಾಲಾಗಿ ಮಾರಾಟಕ್ಕೆ ಕೂತಿದ್ದವು. ಒಂದೊಂದರ ಕೆಳಗೂ ಓದಿದವರ ಅಭಿಪ್ರಾಯ. ಒಬ್ಬ ಪುಣ್ಯಾತ್ಮ ಬರೆದಿದ್ದ: "ಪುಸ್ತಕ ಬಹಳ ಚೆನ್ನಾಗಿದೆ, ಇನ್ನೂ ಓದಿಲ್ಲ." ಒಬ್ಬ ತಾಯಿ ಬರೆದಿದ್ದಳು: "ನಮ್ಮ ಮನೆಯವರು ಸುಧಾರಿಸಲಿ ಅಂತ ತರಿಸಿದೆ. ಈಗ ಅವರು ಅದನ್ನು ಹಿಡಿದುಕೊಂಡು ನನ್ನ ತಪ್ಪು ಹುಡುಕುತ್ತಿದ್ದಾರೆ." ಇನ್ನೊಬ್ಬನಿಗೆ ಪುಸ್ತಕದ ಮೂಲೆ ಮಡಚಿಕೊಂಡು ಬಂದಿತ್ತಂತೆ. ಕಳಿಸಿದವರಿಗೆ ಅವನು ಕೊಟ್ಟ ಬೈಗುಳ ಓದಿದ ಮೇಲೆ, ಅವನಿಗೆ ಇನ್ನೊಂದು ಪ್ರತಿ ಪುಕ್ಕಟೆ ಕಳಿಸುವುದೇ ಧರ್ಮ ಅನಿಸಿತು.

ನಕ್ಕೆ. ನಕ್ಕು ಫೋನು ಕೆಳಗಿಟ್ಟೆ. ಗಿರಿಜಾ ಯಾಕೆ ಕಳಿಸಿದಳು ಅಂತ ನನಗೆ ಗೊತ್ತು, ನಿಮಗೆ ಗೊತ್ತಿಲ್ಲ. ಇಂಥದೇ ಒಂದು ಪುಸ್ತಕದಿಂದ ಆಕೆಯ ಮದುವೆ ಮುರಿದುಬೀಳುವುದರಲ್ಲಿತ್ತು. ಓದಿದವನು ನಾನು.

ನಾನು ತೆಲುಗು ಸೀಮೆಯ ಗಡಿಯೂರು ಆದವಾನಿಯಲ್ಲಿ ಜಿನ್ನಿಂಗ್ ಮಿಲ್ಲುಗಳ ಮಿಷನ್ ರಿಪೇರಿ ಮಾಡುವವ. ಹತ್ತಿಯಿಂದ ಬೀಜ ಬಿಡಿಸುವ ಮಿಷನ್ನಿನಲ್ಲಿ ಚರ್ಮದ ರೋಲರ್ ಇರುತ್ತದೆ. ಅದು ಸವೆದರೆ ನನಗೆ ಫೋನು ಬರುತ್ತದೆ. ಸೀಜನ್ನಿನಲ್ಲಿ ಮಾಲೀಕರ ಕಾರು ನಮ್ಮ ಓಣಿಗೆ ಬಂದು ನಿಲ್ಲುತ್ತದೆ; ನಾನಾಗಿ ಯಾರ ಬಾಗಿಲಿಗೂ ಹೋದವನಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ, ಹೆಮ್ಮೆ ಇಲ್ಲ ಅಂತ ಸುಳ್ಳು ಹೇಳಲಾರೆ. ಶಾಲೆ ಮಾತ್ರ ಕನ್ನಡದಲ್ಲಿ ಆರನೇ ಕ್ಲಾಸಿಗೆ ಮುಗಿಯಿತು. ಓದುವ ಚಟ ಮುಗಿಯಲಿಲ್ಲ. ಪೊಟ್ಟಣ ಕಟ್ಟಿದ ಕಾಗದವನ್ನೂ ಬಿಚ್ಚಿ ಓದುತ್ತೇನೆ, ಕಥೆ ಅರ್ಧಕ್ಕೆ ಹರಿದಿದ್ದರೆ ಅಂಗಡಿಯವನ ಮೇಲೆ ಸಿಟ್ಟಾಗುತ್ತೇನೆ.

ಗಿರಿಜಾಗೆ ಗಂಡು ನೋಡುತ್ತಿದ್ದ ಕಾಲ ಅದು. ಮೊದಲು ಬಂದ ಫೋಟೋಗಳಿಗೆಲ್ಲ ಆಕೆಗೆ ತಲೆನೋವು ಬಂತು. ನಾಗಲದಿನ್ನೆಯ ಹುಡುಗನ ಫೋಟೋ ತೋರಿಸಿದಾಗ ತಲೆನೋವು ಬರಲಿಲ್ಲ. ಫೋಟೋ ವಾಪಸ್ಸೂ ಬರಲಿಲ್ಲ. ಹುಡುಗ ಕಾಲೇಜಿನಲ್ಲಿ ಪಾಠ ಹೇಳುತ್ತಾನೆ, ಹೊಳೆದಂಡೆಯಲ್ಲಿ ಹೊಲ ಇದೆ. ಬಂದು ಹುಡುಗಿ ನೋಡಿ ಒಪ್ಪಿಕೊಂಡು ಹೋದ. ಆದರೆ ಕೊನೆಯ ಮಾತು ಅವನ ಸೋದರತ್ತೆ ನೀಲಮ್ಮನದು. ತಾಯಿ ಇಲ್ಲದ ಹುಡುಗನನ್ನು ಸಾಕಿದಾಕೆ. ಆಕೆ ಮನೆತನ ನೋಡಲು ಬರುವುದು, ಊಟ ಮಾಡಿ ಹೋಗುವುದು ಬಾಕಿ ಇತ್ತು.

ನನಗೆ ಒಳಗೊಳಗೇ ಅಳುಕು. ಕಾಲೇಜು ಮೇಷ್ಟ್ರ ಮನೆಯವರು, ನಾವು ಎಣ್ಣೆಗೈ ಮಂದಿ. ಆ ವಾರ ಸಾಮಾನು ತರಲು ಬಳ್ಳಾರಿಗೆ ಹೋದಾಗ, ಬಸ್‌ಸ್ಟ್ಯಾಂಡಿನಲ್ಲಿ ಒಂದು ಪುಸ್ತಕ ಕಣ್ಣಿಗೆ ಬಿತ್ತು. ಮುಖಪುಟದ ಮೇಲೆ ಟೈ ಕಟ್ಟಿದ ಗಂಡಸು, ನಗುವ ಹೆಂಗಸು, ನಡುವೆ ಖಾಲಿ ತಟ್ಟೆ. ಆ ತಟ್ಟೆ ಯಾಕೆ ಖಾಲಿ ಅಂತ ನಾನು ಆಗಲೇ ಕೇಳಿಕೊಳ್ಳಬೇಕಿತ್ತು.

ಮಿಲ್ಲಿನ ಗೇಟಿನ ಹತ್ತಿರ ಒಂದು ಚಹಾದ ಅಂಗಡಿ ಇದೆ. ಸೀಜನ್ ಇಲ್ಲದಾಗ ನಾವು ಕೆಲವರು ಸಂಜೆ ಅಲ್ಲಿ ಕೂಡುತ್ತೇವೆ. ಪುಸ್ತಕ ತೆಗೆದು ಗಟ್ಟಿಯಾಗಿ ಓದಿದೆ. ಆಟೋ ಓಡಿಸುವ ಶರೀಫನಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ರಿಜಿಸ್ಟ್ರಿ ಆಫೀಸಿನಿಂದ ರಿಟೈರಾದ ಆಚಾರ್ರಿಗೆ ಅಕ್ಷರವೂ ಬರುತ್ತದೆ, ಅಭಿಪ್ರಾಯವಂತೂ ಓದುವುದಕ್ಕೆ ಮೊದಲೇ ಬರುತ್ತದೆ.

"ಹೊಸಬರನ್ನು ಭೇಟಿಯಾದಾಗ ಅವರ ಸಂಬಳ, ಜಾತಿ, ಮಕ್ಕಳೆಷ್ಟು ಎಂದು ಕೇಳಬಾರದು" ಅಂತ ಓದಿದೆ.

"ಮತ್ತೇನು ಕೇಳಬೇಕಂತೋ?" ಅಂದರು ಆಚಾರ್ರು. "ಆಕಾಶ ನೋಡಿ ಮಳಿ ಬರತದೇನ್ರಿ ಅಂತ ಕೇಳಬೇಕೇನು? ನಮ್ಮ ಕಡಿ ಆ ಮಾತು ವರ್ಷಕ್ಕೊಮ್ಮೆ ಮುಗದು ಹೋಗತದ."

"ಯಾರ ಮನೆಗಾದರೂ ಹೋಗುವ ಮುನ್ನ ತಿಳಿಸಿ ಹೋಗಬೇಕು."

ಶರೀಫ ತೊಡೆ ತಟ್ಟಿಕೊಂಡ. "ಅರೆ ಮೇಸ್ತ್ರಿ ಅಣ್ಣಾ, ನಮ್ಮ ಮಾಮೂನ ಮನಿಗಿ ಹೇಳಿ ಹೋದ್ರ ಆ ಮನಷ್ಯಾ ಬಾಗಲಿಗಿ ಬೀಗ ಹಾಕ್ಕೊಂಡು ಗುಂತಕಲ್ಲಿಗಿ ಹೋಗತಾನ! ಹೇಳದನ ಹೋದ್ರನ ಒಂದು ಚಾಯ್ ಸಿಗೋದು."

"ಕೆಲಸದವರಿಗೂ ವಂದನೆ ಹೇಳಬೇಕು" ಅನ್ನುವುದಕ್ಕೆ ಮಾತ್ರ ಇಬ್ಬರೂ ಸುಮ್ಮನಾದರು. ಚಹಾ ಕೊಡುವ ಈರಣ್ಣ ಹಿಂದಿನಿಂದ, "ಅದನ್ನ ಇನ್ನೊಮ್ಮಿ ಓದ್ರಿ, ಗಟ್ಟಿಯಾಗಿ" ಅಂದ.

ಆಮೇಲೆ ಆ ಸಾಲು ಬಂತು: "ಅತಿಥಿಗೆ ಬಡಿಸುವಾಗ ಒಂದೇ ಸಲ ಕೇಳಬೇಕು. ಬೇಡ ಎಂದರೆ ಒತ್ತಾಯಿಸುವುದು ಅಸಭ್ಯತೆ."

ಇದನ್ನು ನಾನು ಮನೆಯಲ್ಲಿ ನನ್ನ ಹೆಂಡತಿ ಶಾಂತಮ್ಮನಿಗೂ ಓದಿ ಹೇಳಿದೆ. ಆಕೆ ರೊಟ್ಟಿ ಬಡಿಯುವ ಕೈ ನಿಲ್ಲಿಸಲಿಲ್ಲ. "ಇದನ್ನ ಬರದಾವಗ ಪಾಪ, ಯಾರೂ ಮನಸಿಟ್ಟು ಬಡಿಸಿಲ್ಲ ಕಾಣತೈತಿ" ಅಂದಳು. ಇಷ್ಟು ವರ್ಷದಲ್ಲಿ ಆ ಪುಸ್ತಕದ ಬಗ್ಗೆ ನಾನು ಕೇಳಿದ ಅಭಿಪ್ರಾಯಗಳಲ್ಲಿ ಇದಕ್ಕಿಂತ ಚಿಕ್ಕದು, ಇದಕ್ಕಿಂತ ಪೂರ್ಣವಾದದ್ದು ಇನ್ನೊಂದಿಲ್ಲ. ಆದರೆ ಅವತ್ತು ನನಗೆ ಹೆಂಡತಿಗಿಂತ ಅಚ್ಚಾದ ಅಕ್ಷರ ದೊಡ್ಡದಾಗಿತ್ತು.

ನಮ್ಮ ಕಡೆಯ ಊಟದ ರೀತಿ ಗೊತ್ತಿಲ್ಲದವರಿಗೆ ಒಂದು ಮಾತು. ಆದವಾನಿಯಲ್ಲಿ ಎಲೆಯ ಮುಂದೆ ಕೂತವನು ಕನ್ನಡದಲ್ಲಿ "ಬ್ಯಾಡ" ಅನ್ನಬಹುದು, ತೆಲುಗಿನಲ್ಲಿ "ವದ್ದು" ಅನ್ನಬಹುದು, ಶರೀಫನ ಮನೆಯಲ್ಲಾದರೆ "ನಕ್ಕೋ" ಅನ್ನಬಹುದು. ಯಾವ ಭಾಷೆಯಲ್ಲೂ ಮೊದಲನೆಯದು ಲೆಕ್ಕಕ್ಕಿಲ್ಲ. ಅದು ಬಾಗಿಲು ಬಡಿದ ಸಪ್ಪಳ ಇದ್ದ ಹಾಗೆ. ಬಡಿಸುವವನು "ಹಂಗಂದ್ರ ಹ್ಯಾಂಗ್ರಿ, ಇದೊಂದು" ಅನ್ನಬೇಕು. ಉಣ್ಣುವವನು ಎಲೆಯ ಮೇಲೆ ಅಂಗೈ ಅಡ್ಡ ಹಿಡಿಯಬೇಕು. ಬಡಿಸುವವನು ಬೆರಳ ಸಂದಿಯಲ್ಲಾದರೂ ತುಪ್ಪ ಬಿಡಬೇಕು. ಬೀಗರಾಗುವವರಿಗಾದರೆ ಹುಡುಗಿಯ ತಂದೆಯೇ ಮುಂದೆ ನಿಂತು ಈ ಜಗಳ ಆಡಬೇಕು.

ನೀಲಮ್ಮ ತನ್ನ ತಮ್ಮನನ್ನು, ಅಂದರೆ ಹುಡುಗನ ತಂದೆಯನ್ನು, ಕರೆದುಕೊಂಡು ಬಂದಳು. ಎತ್ತರದ ಆಳು, ಹಣೆ ತುಂಬ ವಿಭೂತಿ, ನಮ್ಮ ಮನೆಯ ಗೋಡೆ, ದೇವರು, ನೀರಿನ ಕೊಡ ಎಲ್ಲ ಒಂದೇ ನೋಟದಲ್ಲಿ ನೋಡಿದಳು. ಶಾಂತಮ್ಮ ಶೇಂಗಾದ ಹೋಳಿಗೆ ಮಾಡಿದ್ದಳು. ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ತಟ್ಟೆ ಹಿಡಿದು ಬಂದೆ. ನೀಲಮ್ಮನ ಎಲೆಯಲ್ಲಿ ಮೊದಲನೇ ಹೋಳಿಗೆ ಮುಗಿಯುತ್ತಿತ್ತು.

"ಇನ್ನೊಂದು ಹಾಕಲೇನ್ರಿ?"

"ಬ್ಯಾಡಪಾ, ಸಾಕು."

"ಆಗಲ್ರಿ, ನಿಮ್ಮಿಷ್ಟ" ಅಂದು ಮುಂದಿನ ಎಲೆಗೆ ಹೋದೆ. ಹುಡುಗನ ತಂದೆಯೂ ಅಕ್ಕನ ಮುಖ ನೋಡಿ ಬೇಡ ಅಂದ. ಅವನಿಗೂ ನಿಮ್ಮಿಷ್ಟ ಅಂದೆ. ಹಿಂದೆ ಶಾಂತಮ್ಮ ಕೆಮ್ಮಿದಳು. ಹೊಗೆ ಅಂದುಕೊಂಡೆ. ಎಷ್ಟು ನಾಜೂಕಾಗಿ ನಡೆದುಕೊಂಡೆನಪ್ಪಾ ಅಂತ ನನಗೆ ನಾನೇ ಮೆಚ್ಚಿಕೊಂಡಿದ್ದೆ. ಮೆಚ್ಚಿಕೊಳ್ಳುತ್ತಲೇ ಶರೀಫನ ಆಟೋದಲ್ಲಿ ಅವರನ್ನು ಕೂಡಿಸಿ ನಾಗಲದಿನ್ನೆಗೆ ಹೋಗುವ ಎಮ್ಮಿಗನೂರು ಬಸ್ಸಿಗೆ ಕಳಿಸಿದೆ.

ಸಂಜೆ ಶರೀಫ ಬಂದವನು ಕೂಡಲಿಲ್ಲ. "ಅಣ್ಣಾ, ಏನ್ ಮಾಡಿದಿ ನೀನು? ಆ ಅಮ್ಮ ಆಟೋದಾಗ ಅಂದಿದ್ದು ಕೇಳು. 'ಹುಡುಗಿ ಬಂಗಾರದಂಥಾಕಿ. ಆದ್ರ ಆ ಮನ್ಯಾಗ ಬಡಿಸೋ ಕೈ ಇಲ್ಲ. ನಮ್ಮ ಹುಡುಗ ನಾಳೆ ಅಳಿಯಾ ಆಗಿ ಹೋದ್ರ ಹಸಗೊಂಡು ಬರತಾನ.' ಹಂಗಂದ್ಲು."

ಮರುದಿನ ನಾಗಲದಿನ್ನೆಯಿಂದ ಫೋನು ಬಂತು: ಸ್ವಲ್ಪ ದಿನ ಹೋಗಲಿ, ಆಮೇಲೆ ನೋಡೋಣ. ಸ್ವಲ್ಪ ದಿನ ಅಂದರೆ ಏನು ಅಂತ ಹೆಣ್ಣು ಹೆತ್ತವರಿಗೆಲ್ಲ ಗೊತ್ತು. ಗಿರಿಜಾ ಅಳಲಿಲ್ಲ. ಒಗೆದ ಬಟ್ಟೆ ಮಡಚುತ್ತ, "ನಿನಗ ಆ ಪುಸ್ತಕ ಯಾಕ ಬೇಕಿತ್ತು ಅಪ್ಪಾ? ಹ್ಯಾಂಗಿದ್ದಿ ಹಂಗ ಇದ್ದಿದ್ರ ಸಾಕಿತ್ತಲ್ಲ" ಅಂದಳು. ನನ್ನ ಅಂಗಿಯನ್ನು ಮತ್ತೆ ಬಿಚ್ಚಿ ಮತ್ತೆ ಮಡಚಿದಳು.

ನಾನು ಪಡಸಾಲೆಯಲ್ಲಿ ಬಿಗಿದುಕೊಂಡು ಕೂತೆ. ಬಿಟ್ಟರೆ ಬಿಡಲಿ, ಹೋಳಿಗೆಗಾಗಿ ಸಂಬಂಧ ಬಿಡುವವರು ನಮಗ್ಯಾಕೆ ಅಂದೆ. ಶಾಂತಮ್ಮ ಹೊಸ್ತಿಲ ಮೇಲೆ ನಿಂತು, "ಮಿಲ್ಲಿನಾಗ ಮಿಷನ್ ನಿಂತ್ರ ಮೈಯೆಲ್ಲಾ ಎಣ್ಣಿ ಮಾಡ್ಕೊಂಡು ಕೆಳಗ ತೂರತೀರಿ. ಮಗಳ ಸಂಬಂಧ ನಿಂತ್ರ ಮೀಸಿ ತಿರುವಕೋಂತ ಕುಂದರತೀರಿ. ಯಾವುದು ಹೆಚ್ಚಿಂದು, ನೀವೇ ಹೇಳ್ರಿ" ಅಂದಳು.

ಮರುದಿನ ಮುಂಜಾನೆ ನಾನು ಬಸ್ಸಿನಲ್ಲಿದ್ದೆ. ಯಾರಿಗೂ ತಿಳಿಸಿರಲಿಲ್ಲ. ಚೀಲದಲ್ಲಿ ಪುಸ್ತಕ ಇತ್ತು; ಯಾಕೆ ಇಟ್ಟುಕೊಂಡೆನೋ, ಬಹುಶಃ ಸಾಕ್ಷಿಗೆ. ನಾಗಲದಿನ್ನೆಯಲ್ಲಿ ಇಳಿದಾಗ ಬಿಸಿಲು ಏರಿತ್ತು, ಹೊಳೆಯ ಕಡೆಯಿಂದ ಹಸಿ ಮಣ್ಣಿನ ವಾಸನೆ ಬರುತ್ತಿತ್ತು. ನೀಲಮ್ಮ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ನನ್ನನ್ನು ಕಂಡು ಎದ್ದಳು. ಮುಖ ಗಂಟು ಹಾಕಿಕೊಂಡೇ ಕಾಲಿಗೆ ನೀರು ಕೊಟ್ಟಳು. ಗಂಟು ಹಾಕಿಕೊಂಡೇ ತಾಟು ಇಟ್ಟಳು. ಬಂದವನಿಗೆ ಊಟ ಹಾಕದೆ ಸಿಟ್ಟು ಮಾಡುವ ಜಾತಿಯಲ್ಲ ಅದು.

ರೊಟ್ಟಿ, ಪುಂಡಿಪಲ್ಯ, ಮೊಸರು. ಎರಡನೇ ರೊಟ್ಟಿ ಹಾಕಿದಳು, ಉಂಡೆ. ಮೂರನೆಯದಕ್ಕೂ ಬಾಯಿ ಬಿಡಲಿಲ್ಲ. ನಾಲ್ಕನೆಯದನ್ನು ಕೈಯಲ್ಲೇ ಹಿಡಿದು ನಿಂತಳು.

"ಇದೇನು ತಮ್ಮಾ, ನೀ ಬ್ಯಾಡ ಅನ್ನಂಗೇ ಇಲ್ಲಲ್ಲ?"

"ಹ್ಯಾಂಗ ಅನ್ನಲಿ ಅಕ್ಕಾರ? ನಾನು ಬ್ಯಾಡ ಅಂದು, ನೀವು ನಿಮ್ಮಿಷ್ಟ ಅಂದುಬಿಟ್ರ?"

ಆಕೆ ನಗು ತಡೆಯಲು ನೋಡಿದಳು. ತಡೆಯಲಾಗಲಿಲ್ಲ. ಸೆರಗು ಬಾಯಿಗಿಟ್ಟು ನಕ್ಕಳು. ಅಲ್ಲಿಗೆ ನನಗೂ ಮಾತು ಬಂತು. ಪುಸ್ತಕ ಕೊಂಡದ್ದು, ಚಹಾದ ಅಂಗಡಿಯಲ್ಲಿ ಓದಿದ್ದು, ಎಲ್ಲ ಹೇಳಿದೆ. "ನೀವು ಓದಿದ ಮಂದಿ, ನಿಮ್ಮ ಮುಂದ ಸಣ್ಣವ ಆಗಬಾರದು ಅಂತ ಮಾಡಿದೆರೀ" ಅಂದೆ.

"ಓದಿದ ಮಂದಿ!" ಅಂದಳು ನೀಲಮ್ಮ. "ನಾ ಹೆಬ್ಬಟ್ಟಿನಾಕಿ. ಎಲ್ಲೈತಿ ಆ ಪುಸ್ತಕ? ಓದು, ಕೇಳೂಣು."

ಓದಿದೆ. ಆಕೆ ತೊಗರಿಯ ಮೊರ ತೊಡೆಯ ಮೇಲಿಟ್ಟುಕೊಂಡು, ಕೈ ಆಡಿಸದೆ ಕೇಳಿದಳು. ಇನ್ನೊಮ್ಮೆ ಓದು ಅಂದಳು. ಆಮೇಲೆ ಹೇಳಿದಳು: "ಬರದಾವ ಸುಳ್ಳು ಬರದಿಲ್ಲ ತಮ್ಮಾ. ನನಗ ಸಕ್ರಿ ಕಾಯಿಲೆ ಐತಿ. ಅವತ್ತು ನನಗ ಎರಡನೇ ಹೋಳಿಗಿ ಖರೇನ ಬ್ಯಾಡಾಗಿತ್ತು."

ನಾನು ಬೆಪ್ಪಾಗಿ ನೋಡಿದೆ. "ಮತ್ತ ಸಿಟ್ಟು ಯಾಕ್ರಿ ಅಕ್ಕಾರ?"

"ನೀ ಕೇಳಬೇಕಿತ್ತು. ಹತ್ತು ಸಲ ಕೇಳು, ಹತ್ತೂ ಸಲ ನಾ ಬ್ಯಾಡ ಅಂತೀನಿ, ಅದು ನನ್ನ ಕೆಲಸ. ಕೇಳೂದು ನಿನ್ನ ಕೆಲಸ." ಆಮೇಲೆ ದನಿ ಇಳಿಯಿತು. "ಹುಡುಗನ ಗುಣ ನಿನಗೇನು ಗೊತ್ತು? ತಾಯಿ ಹೋದಾಗಿಂದ ಅವ ಬಾಯಿಬಿಟ್ಟು ಏನೂ ಕೇಳಿಲ್ಲ. ಒಮ್ಮಿ ಬ್ಯಾಡ ಅಂದ್ರ ಮುಗೀತು, ಹಸದು ಮಲಗತಾನ. ಎರಡನೇ ಸಲ ಕೇಳಿದ್ರನ ಕೈ ಚಾಚತಾನ. ನಾ ಇರೂತನ ನಾ ಕೇಳತೀನಿ. ಆಮ್ಯಾಲ? ಎರಡನೇ ಸಲ ಕೇಳೋ ಮನಿ ಯಾವುದು ಅಂತ ನೋಡಾಕ ಬಂದಿದ್ದೆ ನಾನು. ನಿನ್ನ ಗ್ವಾಡಿ, ನಿನ್ನ ಕೊಡ ನೋಡಾಕಲ್ಲ."

ನಾನು ಹೆದರಿದ್ದು ನನ್ನ ಆರನೇ ಕ್ಲಾಸಿಗೆ. ಆಕೆ ಹೆದರಿದ್ದು ತಾನು ಹೋದಮೇಲೆ ಹುಡುಗನ ಹಸಿವೆಗೆ.

"ಅಕ್ಕಾರ, ಪುಸ್ತಕ ಓದಿದಾವ ನಾನು. ಗಿರಿಜಾ ಓದಿಲ್ಲ. ಆಕಿ ಅವರವ್ವನ ಕೈಯಾಗ ಬೆಳದಾಳ. ನಮ್ಮ ಮನಿ ಬೆಕ್ಕು ಸೈತ ಒಂದು ಸಲ ಬ್ಯಾಡ ಅಂದ್ರ ಆಕಿ ಬಿಡಂಗಿಲ್ಲ."

"ಹಂಗಾರ ಆ ಬೆಕ್ಕಿನ ಮ್ಯಾಲ ಆಣಿ ಮಾಡು" ಅಂದಳು, ತಡೆದಿಟ್ಟಿದ್ದ ನಾಲ್ಕನೇ ರೊಟ್ಟಿ ನನ್ನ ತಾಟಿಗೆ ಬಿತ್ತು. ಮದುವೆ ನಿಕ್ಕಿಯಾದದ್ದು ಹೀಗೆ. ಬಸ್ಸಿನಲ್ಲಿ ಹೊಟ್ಟೆ ಹಿಡಿದುಕೊಂಡೇ ಊರಿಗೆ ಬಂದೆ.

ಪುಸ್ತಕವನ್ನು ನಾನು ಬಿಸಾಡಲಿಲ್ಲ. ಕೆಟ್ಟ ಪುಸ್ತಕ ಅಂತ ಇವತ್ತಿಗೂ ಅನ್ನುವುದಿಲ್ಲ. ಅದನ್ನು ಓದಿದ ಮೇಲೆ ಮಿಲ್ಲಿನಲ್ಲಿ ಸ್ಪಾನರ್ ಎತ್ತಿಕೊಡುವವರಿಗೂ ಒಂದು ಒಳ್ಳೆ ಮಾತು ಹೇಳುತ್ತೇನೆ. ಫೋನಿನಲ್ಲಿ ಹೊಲದಾಚೆಯವರನ್ನು ಕೂಗಿದಂತೆ ಮಾತಾಡುವುದು ಕಡಿಮೆ ಮಾಡಿದ್ದೇನೆ, ಶಾಂತಮ್ಮ ಒಪ್ಪದಿದ್ದರೂ. ಬರೆದವರು ಒಳ್ಳೆಯವರೇ ಇರಬೇಕು. ಅತಿಥಿಯ ಹೊಟ್ಟೆ ಕೆಡಬಾರದು ಅಂತ ಯೋಚಿಸಿದರು. ಹೊಟ್ಟೆಯ ಹಿಂದೆ ಇನ್ನೊಂದು ಹಸಿವೆ ಕೂತಿರುತ್ತದೆ ಅನ್ನುವುದು ಅವರ ಊರಿನಲ್ಲಿ ಇಲ್ಲವೋ, ಇದ್ದೂ ಅಚ್ಚಿಗೆ ಹೋಗಲಿಲ್ಲವೋ.

ಈಗ ನೀಲಮ್ಮ ನಮ್ಮ ಮನೆಯಲ್ಲೇ ಇದ್ದಾಳೆ. ಆದವಾನಿಯಲ್ಲಿ ಕಣ್ಣಿನ ಆಪರೇಷನ್ ಆಯಿತು; ನಾಗಲದಿನ್ನೆಯ ಧೂಳಿಗೆ ಹೋಗುವುದು ಸದ್ಯಕ್ಕೆ ಬೇಡ ಅಂತ ಗಿರಿಜಾ, ಅಳಿಯ ಇಲ್ಲೇ ಬಿಟ್ಟುಹೋಗಿದ್ದಾರೆ. ನಿನ್ನೆ ಮಧ್ಯಾಹ್ನ ಶಾಂತಮ್ಮ ಹೊರಗೆ ಹೋಗಿದ್ದಳು. ನಾನು ಮಿಲ್ಲಿನಿಂದ ಬಂದು ಕೈ ತೊಳೆಯುತ್ತಿದ್ದೆ. ಒಳಗೆ ಪಾತ್ರೆಯ ಸಪ್ಪಳ. ಹೋಗಿ ನೋಡಿದರೆ ನೀಲಮ್ಮ, ಕಣ್ಣಿಗೆ ಕಪ್ಪು ಕನ್ನಡಕ, ಗೋಡೆ ಹಿಡಿದುಕೊಂಡು ಅಡುಗೆಮನೆಯಲ್ಲಿ ನಿಂತಿದ್ದಾಳೆ. ಒಂದೊಂದೇ ಮುಚ್ಚಳ ತೆಗೆದು ಮೂಸಿ ನೋಡುತ್ತಿದ್ದಾಳೆ. ಸಾರು ಸಿಕ್ಕಿತು. ತನ್ನ ತಾಟಿಗೆ ತಾನೇ ಹಾಕಿಕೊಂಡಳು, ಇನ್ನೊಂದು ತಾಟು ಎಳೆದು ಅದಕ್ಕೂ ಹಾಕಿದಳು.

"ನಿಂತು ಏನ್ ನೋಡತೀ ತಮ್ಮಾ? ಕುಂದ್ರು, ಆರತೈತಿ."

ಆಕೆ ಕೇಳಲಿಲ್ಲ, ನಾನು ಬ್ಯಾಡ ಅನ್ನಲಿಲ್ಲ. ಆಕೆಯ ಪಕ್ಕ ಕೂತು ಉಂಡೆ.