ತೊಳೆದಿಟ್ಟಂತಿದ್ದ ತಟ್ಟೆ

ನಮ್ಮತ್ತೆ ಬೆಳಿಗ್ಗೆ ಎದ್ದವರೇ ನೆಟ್ಟಗೆ ಹೋಗುವುದು ಗೋದಲಿಗೆ. ಹಸು ಎಷ್ಟು ಮೇವು ಬಿಟ್ಟಿದೆ, ಆಡುಗಳು ಯಾವ ಸೊಪ್ಪು ಮೂಸಿ ಹಾಗೇ ಬಿಟ್ಟಿವೆ, ಕೋಳಿಗಳು ಕಾಳು ಉಳಿಸಿವೆಯೇ ಎಂದು ನೋಡಿ ಆಮೇಲೆ ಹಲ್ಲುಜ್ಜುತ್ತಾರೆ. ಪ್ರಾಣಿಗೆ ಕಾಯಿಲೆ ಬರುವ ಎರಡು ದಿನ ಮೊದಲೇ ಅದು ಬಿಟ್ಟ ಮೇವು ಹೇಳಿಬಿಡುತ್ತದೆ ಎಂಬುದು ಅವರ ವಾದ. ಪಶುವೈದ್ಯರೇ ಫೋನ್ ಮಾಡಿ ಅವರನ್ನು ಸಲಹೆ ಕೇಳುವುದನ್ನು ನಾನು ಕಂಡಿರುವುದರಿಂದ ವಾದಕ್ಕೆ ಎದುರಾಡುವುದಿಲ್ಲ.

ಇರುವುದು ಅರ್ಧ ಎಕರೆ. ಒಂದು ಹಸು, ನಾಲ್ಕು ಆಡು, ಹನ್ನೊಂದು ಕೋಳಿ, ನಮ್ಮ ಮಾವ. ಈ ಕ್ರಮ ನನ್ನದಲ್ಲ. ಯಾರಿಗೆ ಎಷ್ಟು ಆಹಾರ ಎಂದು ಅತ್ತೆ ಕೊಟ್ಟಿಗೆಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದ ಪಟ್ಟಿ ಹೀಗೇ ಇತ್ತು. ಕೊನೆಯ ಸಾಲಿನಲ್ಲಿ ‘ಇವರಿಗೆ’ ಎಂದು ಬರೆದಿತ್ತು.

ಇವರು ಪಟ್ಟಿಗೆ ಸೇರಿದ್ದು ಹೋದ ವರ್ಷ. ಮನೆಮನೆಗೆ ನಡೆದು ನೀರಿನ ಮೀಟರ್ ಓದುತ್ತಿದ್ದ ಮಾವ, ನಿವೃತ್ತರಾಗಿ ಕುರ್ಚಿ ಹಿಡಿದ ಮೇಲೆ ಎಂಬತ್ತನಾಲ್ಕು ಕಿಲೋ ಮುಟ್ಟಿದ್ದರು. ಹತ್ತು ಕಿಲೋ ಇಳಿಸದಿದ್ದರೆ ಹೃದಯ ಕೈಕೊಡುತ್ತದೆ ಎಂದರು ಡಾಕ್ಟರು. ಅತ್ತೆ ಕೈತೊಳೆದುಕೊಂಡು ಹಿಂದೆ ಬಿದ್ದರು. ಬೆಳಿಗ್ಗೆ ರಾತ್ರಿ ಗಂಜಿ. ಮಧ್ಯಾಹ್ನ ಬೇಯಿಸಿದ ಕುಂಬಳಕಾಯಿ, ಬೇಯಿಸಿದ ಬೀನ್ಸ್, ಬೇಯಿಸಿದ ಸೊಪ್ಪು. ಉಪ್ಪು ಹಾಕಿದ್ದೇನೆ ಎನ್ನುತ್ತಿದ್ದರು, ನಾನಂತೂ ಕಂಡವನಲ್ಲ. ನನ್ನ ಹೆಂಡತಿ ದೂರದ ಶಾಲೆಯಲ್ಲಿ ಟೀಚರು, ನನ್ನ ಪಂಪ್ ರಿಪೇರಿ ಅಂಗಡಿ ಅತ್ತೆಯ ಮನೆಯ ಹಿಂದಿನ ಬೀದಿಯಲ್ಲಿ. ಹಾಗಾಗಿ ಮಧ್ಯಾಹ್ನ ಎರಡು ಗಂಟೆಗೆ ನನಗೂ ಅಲ್ಲೇ ಊಟ. ಮಾವನ ಹೃದಯ ಉಳಿಸಲು ಹೋಗಿ ನನ್ನ ನಾಲಗೆ ಸತ್ತಿತು.

ಮಾವನ ಊಟ ಹನ್ನೆರಡೂವರೆಗೆ. ಅತ್ತೆ ತಟ್ಟೆ ಇಟ್ಟು ತರಕಾರಿ ಮಡಿಗೆ ನೀರು ಬಿಡಲು ಹೋಗುವರು, ಬಂದು ತಟ್ಟೆಯ ತಪಾಸಣೆ ಮಾಡುವರು. ಮಾವನ ತಟ್ಟೆ ಯಾವತ್ತೂ ತೊಳೆದಿಟ್ಟಂತಿರುತ್ತಿತ್ತು. ಅದನ್ನು ನನಗಾಗಿ ಎತ್ತಿಟ್ಟಿರುತ್ತಿದ್ದರು. “ನೋಡಿ ಕಲೀರಿ” ಎನ್ನುತ್ತಿದ್ದರು, ನಾನು ಬಿಟ್ಟ ಎರಡು ಬೀನ್ಸ್ ಕಡೆ ಕಣ್ಣು ಹಾಯಿಸಿ.

ಪ್ರತಿ ಭಾನುವಾರ ಹಿಂಡಿ ಮೂಟೆಯ ತಕ್ಕಡಿಯ ಮೇಲೆ ಮಾವನನ್ನು ನಿಲ್ಲಿಸಿ ತೂಗುತ್ತಿದ್ದರು. ಏಳು ತಿಂಗಳಿಗೆ ಎಪ್ಪತ್ತನಾಲ್ಕಾಯಿತು. ಅಲ್ಲಿಗೆ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಎಪ್ಪತ್ತು. ಅರವತ್ತಾರು. ಮಾವನ ಬೆಲ್ಟಿಗೆ ಹೊಸ ತೂತುಗಳನ್ನು ಅತ್ತೆಯೇ ಕೊರೆದರು, ಹಸುವಿನ ಕೊರಳಪಟ್ಟಿಗೆ ಕೊರೆಯುವ ದಬ್ಬಳದಿಂದ. “ಡಾಕ್ಟ್ರು ಹತ್ತು ಅಂದ್ರು, ನಾನು ಹದಿನೆಂಟು ಇಳಿಸಿದೀನಿ” ಎಂದು ಬೀದಿಗೆಲ್ಲ ಹೇಳಿದರು. ಅಕ್ಕಪಕ್ಕದ ಹೆಂಗಸರು ಬಂದು ಬಾಗಿಲ ಮೇಲಿನ ಕೊನೆಯ ಸಾಲನ್ನು ಬರೆದುಕೊಂಡು ಹೋದರು. ಅವರವರ ಗಂಡಂದಿರು ನನ್ನನ್ನು ನೋಡಿ ಮುಖ ತಿರುಗಿಸತೊಡಗಿದರು.

ಅಷ್ಟರಲ್ಲಿ ಕರಿ ಆಡು ದಪ್ಪಗಾಯಿತು. ಗಬ್ಬವಿಲ್ಲ, ಹೊಟ್ಟೆಯುಬ್ಬರವಿಲ್ಲ. ಅತ್ತೆ ಅದರ ಪಾಲನ್ನು ಅರ್ಧ ಮಾಡಿದರು. ಇನ್ನೂ ದಪ್ಪಗಾಯಿತು.

“ಯಾರೋ ಕದ್ದು ತಿನ್ನಿಸ್ತಿದಾರೆ” ಎಂದರು ನನ್ನನ್ನೇ ನೋಡುತ್ತ. “ಮನೇಲಿ ತರಕಾರಿ ಕಂಡ್ರಾಗದವರು ಒಬ್ಬರೇ ಇರೋದು.”

ಅಳಿಯನ ಮರ್ಯಾದೆಯ ಪ್ರಶ್ನೆ. ಮರುದಿನ ಹನ್ನೆರಡಕ್ಕೇ ಅಂಗಡಿಗೆ ಬೀಗ ಹಾಕಿ, ಹುಲ್ಲಿನ ಮೆದೆಯ ಹಿಂದೆ ಕಳ್ಳನ ಹಾಗೆ ನಿಂತೆ. ಊಟದ ಕೋಣೆಯ ಕಿಟಕಿಯ ಕೆಳಗೆ, ನೆರಳಿನಲ್ಲಿ, ಕರಿ ಆಡು ಆಗಲೇ ಕತ್ತೆತ್ತಿ ಕಾಯುತ್ತಿತ್ತು. ಕಿಟಕಿಯಿಂದ ಒಂದು ಕೈ ಬಂತು. ಕೈಯಲ್ಲಿ ಕುಂಬಳಕಾಯಿ. ಆಮೇಲೆ ಬೀನ್ಸ್. ಆಮೇಲೆ ಸೊಪ್ಪು.

ನನಗೆ ನಗು ತಡೆಯಲಾಗಲಿಲ್ಲ. ಒಳಗೆ ಹೋಗಿ, “ಮಾವ, ಯಾವ ಬೇಕರಿ ಅಂತ ಹೇಳಿಬಿಡಿ, ನಾನೂ ಬರ್ತೀನಿ” ಎಂದೆ.

ಮಾವ ನಗಲಿಲ್ಲ. “ಬೇಕರಿ ಎಲ್ಲಿಂದ ಬಂತಪ್ಪ. ಗಂಟಲಲ್ಲಿ ಇಳಿಯಲ್ಲ. ಮೂರು ತಿಂಗಳಾಯ್ತು. ಗಂಜಿ ಒಂದು ಹೋಗತ್ತೆ, ಅದೂ ಕಷ್ಟದಲ್ಲಿ.”

“ಅತ್ತೆಗೆ ಹೇಳ್ಲಿಲ್ವಾ?”

“ಹೇಗೆ ಹೇಳ್ಲಿ? ನಲವತ್ತು ವರ್ಷದಲ್ಲಿ ಅವಳು ನನ್ನ ಬಗ್ಗೆ ನಾಲ್ಕು ಜನರ ಮುಂದೆ ಜಂಭ ಕೊಚ್ಚಿಕೊಂಡಿದ್ದು ಇದೇ ಮೊದಲು. ನೀನೂ ಹೇಳ್ಬೇಡ.”

ನಾನು ಹೇಳಲಿಲ್ಲ. ನಾಲ್ಕು ದಿನ ಬಾಯಿಗೆ ಬೀಗ ಹಾಕಿಕೊಂಡೆ. ದೊಡ್ಡವರ ಮಾತು, ನಮಗ್ಯಾಕೆ ಎಂದು ಸಮಾಧಾನ ಹೇಳಿಕೊಂಡೆ. ಆ ನಾಲ್ಕು ದಿನಗಳಿಗಾಗಿ ನನಗೆ ಈಗಲೂ ನಾಚಿಕೆಯಾಗುತ್ತದೆ. ಭಾನುವಾರ ತಕ್ಕಡಿ ಅರವತ್ತಮೂರು ತೋರಿಸಿತು, ಅತ್ತೆ ಚಪ್ಪಾಳೆ ತಟ್ಟಿದರು. ಅಲ್ಲೇ, ಮಾವ ತಕ್ಕಡಿಯಿಂದ ಇಳಿಯುವ ಮೊದಲೇ, ಎಲ್ಲ ಹೇಳಿಬಿಟ್ಟೆ.

ಅತ್ತೆ ಕೂಗಾಡಲಿಲ್ಲ. ಮಾವನನ್ನು ಹಿಂಡಿ ಮೂಟೆಯ ಮೇಲೆ ಕೂರಿಸಿ, ಬೆಳಕಿಗೆ ತಿರುಗಿಸಿ, ಬಾಯಿ ತೆಗೆಸಿದರು. ಆಡಿನ ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡಾಗ ಮಾಡುವಂತೆ ಹೆಬ್ಬೆರಳಿನಿಂದ ದವಡೆಯ ಕೆಳಗಿಂದ ಎದೆಯವರೆಗೆ ಒತ್ತಿ ನೋಡಿದರು.

“ನಡೀರಿ” ಎಂದು ಚಪ್ಪಲಿ ಮೆಟ್ಟಿದರು. ಹಸುವಿಗೆ ಮೇವು ಹಾಕಿರಲಿಲ್ಲ. ನಾನು ನೆನಪಿಸಿದೆ, ಕಿವಿಗೆ ಹಾಕಿಕೊಳ್ಳಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು, “ಸರಿಯಾಗಿ ಊಟ ಮಾಡಿ ಎಷ್ಟು ದಿನ ಆಯ್ತಮ್ಮ?”

ಆರು ವರ್ಷದ ಹಿಂದೆ ಹಸು ಯಾವ ಹೊತ್ತಿಗೆ ಮೇವು ಬಿಟ್ಟಿತ್ತು ಎಂದು ಹೇಳಬಲ್ಲ ಹೆಂಗಸು. “ಗೊತ್ತಿಲ್ಲ” ಎಂದರು. “ದಿನಾ ತಟ್ಟೆ ನೋಡ್ತಿದ್ದೆ ಡಾಕ್ಟ್ರೇ. ಇವರನ್ನ ನೋಡ್ಲಿಲ್ಲ.” ಆಮೇಲೆ ಎಲ್ಲರೆದುರೇ ಅತ್ತರು. ನನಗೆ ಎಲ್ಲಿ ನೋಡಬೇಕೋ ತಿಳಿಯದೆ ಗೋಡೆಯ ಕ್ಯಾಲೆಂಡರ್ ನೋಡಿದೆ.

ಅನ್ನನಾಳದಲ್ಲಿ ಗಂಟು. ಇನ್ನೆರಡು ತಿಂಗಳಾಗಿದ್ದರೆ ಮುಟ್ಟುವಂತಿರಲಿಲ್ಲ, ಈಗ ತೆಗೆಯಬಹುದು ಎಂದರು. ತೆಗೆದರು. ಇಪ್ಪತ್ತೆರಡು ದಿನಗಳ ಮೇಲೆ ಮಾವ ಮನೆಗೆ ಬಂದರು, ಐವತ್ತೆಂಟು ಕಿಲೋ. ಅದನ್ನು ಅತ್ತೆ ಯಾರಿಗೂ ಹೇಳಲಿಲ್ಲ.

ಮೊದಲ ಮಧ್ಯಾಹ್ನ ಮೆತ್ತಗೆ ಮಸೆದ ಕುಂಬಳಕಾಯಿ. ಅತ್ತೆ ತಟ್ಟೆ ಇಟ್ಟರು. ಹಿಂದೆಯೇ ತಮ್ಮ ತಟ್ಟೆಯನ್ನೂ ತಂದು, ಸ್ಟೂಲು ಎಳೆದು, ಮಾವನ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತರು. ಹೊರಗೆ ಹಸು ಕೂಗಿತು. ಏಳಲಿಲ್ಲ.

ಮಾವ ಚಮಚ ಎತ್ತಿ ಅರ್ಧಕ್ಕೆ ನಿಲ್ಲಿಸಿದರು. “ಹೀಗೆ ದಿಟ್ಟಿಸಿಕೊಂಡು ಕೂತ್ರೆ ನುಂಗೋದು ಹೇಗೆ?”

“ನಿಧಾನಕ್ಕೆ ನುಂಗಿ. ನಾನೆಲ್ಲೂ ಹೋಗಲ್ಲ.”

ಮಾವ ನುಂಗಿದರು. ಅದು ಇಳಿಯುವವರೆಗೂ ಅತ್ತೆ ಅವರ ಗಂಟಲನ್ನೇ ನೋಡುತ್ತಿದ್ದು, ಆಮೇಲೆ ತಮ್ಮ ಮೊದಲ ತುತ್ತು ಎತ್ತಿದರು.