ಬಟ್ಟೆಯ ಹರಿಗೋಲು

ವೆಂಕಟಸ್ವಾಮಿ ಹುಟ್ಟಿದ್ದು ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ. ಅಜ್ಜ, ಅಪ್ಪ, ಅಣ್ಣಂದಿರು, ಎಲ್ಲರೂ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟುಕೊಂಡು ರೇಷ್ಮೆ ನೇಯ್ದೇ ಬಾಳಿದವರು. ಇವನಿಗೆ ಮಾತ್ರ ಆ ಗುಂಡಿ ಕಂಡರಾಗದು. ಕೂರಿಸಿದರೆ ಅಂಚು ಸೊಟ್ಟ, ಸೆರಗು ಸೊಟ್ಟ, ಕೊನೆಗೆ ಮುಖವೂ ಸೊಟ್ಟ. "ನೇಯ್ತಾ ಇದ್ದೀಯೋ, ಹುಟ್ಟು ಹಾಕ್ತಾ ಇದ್ದೀಯೋ?" ಎಂದು ಅಪ್ಪ ಒಂದು ದಿನ ಬೈದರು. ಪುಣ್ಯಾತ್ಮರು, ಅದನ್ನಾದರೂ ಬಾಯಿಗೆ ಬಂದ ಹಾಗೆ ಅನ್ನದೆ ಇದ್ದಿದ್ದರೆ ಹುಡುಗನಿಗೆ ಆ ಯೋಚನೆ ಬರುತ್ತಿರಲಿಲ್ಲ. ಮಾರನೆಯ ದಿನವೇ ಅವನು ಮುಳ್ಳೂರಿನ ಕಡೆ ಹೊಳೆದಂಡೆಗೆ ಹೋಗಿ, ಹರಿಗೋಲು ಹಾಕುವ ಪುಟ್ಟಮಾದಯ್ಯನ ಕಾಲು ಹಿಡಿದು ಕೂತುಬಿಟ್ಟ. ಬಿದಿರು ಸೀಳಿ ಬುಟ್ಟಿ ಹೆಣೆಯುವುದು, ಅದಕ್ಕೆ ಎತ್ತಿನ ತೊಗಲು ಬಿಗಿಯುವುದು, ಒಂದೇ ಹುಟ್ಟಿನಲ್ಲಿ ಸುಳಿ ತಪ್ಪಿಸುವುದು, ಎಲ್ಲವನ್ನೂ ನಾಲ್ಕು ವರ್ಷದಲ್ಲಿ ಕಲಿತ.

ಐವತ್ತಾರರಲ್ಲಿ ಕೊಳ್ಳೇಗಾಲ ಮದ್ರಾಸಿನವರ ಕೈಯಿಂದ ಮೈಸೂರಿಗೆ ಬಂತಲ್ಲ, ಅದರಿಂದ ಇವನ ಹಣೆಬರಹ ತಿರುಗಿತು. ಯಳಂದೂರಿಗೆ ಹೋಗುವ ದಾರಿಯಲ್ಲಿ, ಅಲ್ಲಿಯವರೆಗೆ ಎರಡು ರಾಜ್ಯಗಳ ನಡುವೆ ಯಾರಿಗೂ ಬೇಡವಾಗಿ ಬಿದ್ದಿದ್ದ ಒಂದು ದೊಡ್ಡ ಕೆರೆಯಿತ್ತು. ಜನ ಅದನ್ನು ಗಡಿಕೆರೆ ಎನ್ನುತ್ತಿದ್ದರು. ನಡುವೆ ಒಂದು ನಡುಗಡ್ಡೆ, ಅದರ ಮೇಲೆ ನಾಲ್ಕು ಕಂಬದ ಕಲ್ಲುಮಂಟಪ, ಒಂದು ಹುಣಸೆಮರ, ಮರದ ತುಂಬ ಬೆಳ್ಳಕ್ಕಿ. ದೂರಕ್ಕೆ ಬಿಳಿಗಿರಿರಂಗನ ಬೆಟ್ಟದ ನೀಲಿ ಸಾಲು. ಗಡಿ ಹೋದ ಮೇಲೆ ದಂಡೆಯಲ್ಲಿ ಸರ್ಕಾರದ ಬಂಗಲೆ ಎದ್ದಿತು, ಬಸ್ಸು ನಿಲ್ಲತೊಡಗಿತು, ಮೈಸೂರಿನ ಆಫೀಸರುಗಳ ಸಂಸಾರಗಳು ಬುತ್ತಿ ಕಟ್ಟಿಕೊಂಡು ಬರತೊಡಗಿದವು. ವೆಂಕಟಸ್ವಾಮಿ ತನ್ನ ಹರಿಗೋಲನ್ನು ತಲೆಯ ಮೇಲೆ ಹೊತ್ತು ತಂದು ಅಲ್ಲಿ ಇಳಿಸಿದ.

ಬಂದವರನ್ನು ಕೆರೆ ಸುತ್ತಿಸುತ್ತಿದ್ದ, ಹಕ್ಕಿ ತೋರಿಸುತ್ತಿದ್ದ, ಮಂಟಪದಲ್ಲಿ ಇಳಿಸಿ ಚಿತ್ರಾನ್ನ ತಿನ್ನಲು ಬಿಟ್ಟು ಮತ್ತೆ ಹೋಗಿ ಕರೆತರುತ್ತಿದ್ದ. ಹೊಸದಾಗಿ ಮದುವೆಯಾದವರು ಬಂದರೆ ಕೆರೆಯ ನಡುವೆ ಹರಿಗೋಲನ್ನು ಬುಗುರಿಯ ಹಾಗೆ ಗಿರಗಿರನೆ ತಿರುಗಿಸುವನು. ಹುಡುಗಿ ಕಿರುಚಿ ಗಂಡನ ತೋಳು ಹಿಡಿಯುವಳು. ಗಂಡ ಮನಸ್ಸಿನಲ್ಲೇ ವೆಂಕಟಸ್ವಾಮಿಗೆ ಕೈಮುಗಿಯುವನು. ವೆಂಕಟಸ್ವಾಮಿಗೂ ಮದುವೆಯಾಗಿತ್ತು. ಹೆಂಡತಿ ರುದ್ರಾಣಿ ಒಳ್ಳೆಯ ನೇಯ್ಗೆಗಾರ್ತಿ. ಗಂಡ ಬಿಟ್ಟ ಮಗ್ಗವನ್ನು ಅವಳು ಹಿಡಿದಿದ್ದಳು.

ಎಲ್ಲ ಸರಿಯಾಗಿದ್ದಾಗ, ಐವತ್ತೊಂಬತ್ತರ ಕಾರ್ತಿಕದಲ್ಲಿ ಹೊನ್ನೂರಿನ ಪುಟ್ಟಬಸಮ್ಮ ಬಂದರು. ಗದ್ದೆ, ಕಬ್ಬು, ತೆಂಗು ಇದ್ದ ದೊಡ್ಡ ಮನೆಯ ಯಜಮಾನಿ. ಗಂಡ ತೀರಿಕೊಂಡು ಆರು ತಿಂಗಳಾಗಿತ್ತು. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಬೆಳ್ಳಿ ಕರಡಿಗೆಯೊಳಗೆ ಲಿಂಗ. ಜೊತೆಗೆ ಮಗ ಗುರುಪಾದಸ್ವಾಮಿ. ಮಂಟಪದಲ್ಲಿ ಕೂತು ಲಿಂಗಪೂಜೆ ಮಾಡಬೇಕು ಎಂದರು. ವೆಂಕಟಸ್ವಾಮಿ ಹರಿಗೋಲು ಒತ್ತಿ ಹಿಡಿದ. ಗುರುಪಾದಸ್ವಾಮಿ ಬಗ್ಗಿ ನೋಡಿದವನೇ ತಾಯಿಯ ರಟ್ಟೆ ಹಿಡಿದು ಹಿಂದಕ್ಕೆ ಎಳೆದ.

"ತೊಗಲು ಅವ್ವ. ಲಿಂಗ ಕಟ್ಕಂಡೋರು ಕೂರಂಗಿಲ್ಲ."

ಅಲ್ಲ, ಆಸಾಮಿಯ ಕಾಲಲ್ಲಿ ಕಿರ್ರೆನ್ನುವ ಹೊಸ ಚರ್ಮದ ಮೆಟ್ಟು! ಅದು ಅವನಿಗೆ ಕಾಣಲಿಲ್ಲ. ನಮ್ಮ ನೇಮಗಳೆಲ್ಲ ಹಾಗೇ, ಕಾಲಿನ ಹತ್ತಿರ ಬಂದರೆ ಕಣ್ಣು ಮಂದವಾಗುತ್ತದೆ. ಪುಟ್ಟಬಸಮ್ಮ ಮಗನ ಹಿಂದೆ ನಡೆದರು. ಆದರೆ ಬಸ್ಸಿನ ಕಡೆ ಹೋಗುತ್ತಾ ಮೂರು ಸಲ ನೀರಿನ ಕಡೆ ತಿರುಗಿ ನೋಡಿದರು. ಆ ನೋಟ ನೋಡಲಾರದೆ ವೆಂಕಟಸ್ವಾಮಿಯ ಬಾಯಿಂದ ಮಾತು ಜಾರಿಬಿಟ್ಟಿತು.

"ಅವ್ವ, ಬರೋ ಸೋಮವಾರ ಬನ್ನಿ. ಬಟ್ಟೆ ಅರಿಗೋಲು ಮಾಡಿಕ್ಕಿರ್ತೀನಿ."

ರುದ್ರಾಣಿ ಮೂರು ದಿನ ಕೂತು ಗೋಣಿಯಷ್ಟು ದಪ್ಪದ ಬಟ್ಟೆ ನೇಯ್ದಳು. ಬಿದಿರಿಗೆ ಬಿಗಿದು ಟಾರು ಬಳಿದರು. ಶನಿವಾರ ಗಂಡಹೆಂಡಿರಿಬ್ಬರೂ ಅದರಲ್ಲಿ ಕೂತು ನೋಡಿದರು. ಅರ್ಧ ಗಂಟೆಯಲ್ಲಿ ನೀರು ಕಣಕಾಲಿಗೆ ಬಂತು. ಎರಡನೇ ಸಲ ಟಾರು ಬಳಿದರೂ ಅದೇ ಕಥೆ. ಭಾನುವಾರ ಸಂಜೆ ವೆಂಕಟಸ್ವಾಮಿ ಸುಮ್ಮನೆ ಹಳೆಯ ತೊಗಲಿನ ಹರಿಗೋಲನ್ನೇ ತಂದು, ಒಳಗೊಂದು ಹೊರಗೊಂದು ಬಟ್ಟೆ ಹೊದಿಸಿ, ಹೊಲಿದು, ಮೇಲೆ ಟಾರು ಮೆತ್ತಿದ.

"ಇದ್ದದ್ದು ಇದ್ದಂಗೆ ಏಳ್ಬುಡಿ," ಎಂದಳು ರುದ್ರಾಣಿ.

"ನಾಳೆ ಏಳ್ತೀನಿ."

ಆ ನಾಳೆ ಬರಲು ಒಂಬತ್ತು ವರ್ಷ ಹಿಡಿಯಿತು.

ಸೋಮವಾರ ಪುಟ್ಟಬಸಮ್ಮ ಬಂದರು, ಹತ್ತಿದರು. ಗುರುಪಾದಸ್ವಾಮಿ ಬಟ್ಟೆಯನ್ನು ಮುಟ್ಟಿ ನೋಡಿ ತಲೆಯಾಡಿಸಿದ. ನೀರಿನ ಮೇಲೆ ಸ್ವಲ್ಪ ದೂರ ಹೋಗುತ್ತಲೇ ಮುದುಕಿ ಮೂಗು ಅರಳಿಸಿದರು.

"ಏನೋ ವಾಸನೆ ಬತ್ತದಲ್ಲಪ್ಪ."

ವೆಂಕಟಸ್ವಾಮಿ ಹುಟ್ಟನ್ನು ಬೇಗಬೇಗ ಹಾಕಿದ. "ಟಾರಿಂದು ಅವ್ವ."

"ಟಾರಾ? ಸರಿ ಬುಡು."

ಅಲ್ಲಿಂದ ಪ್ರತಿ ಕಾರ್ತಿಕ, ಪ್ರತಿ ಶ್ರಾವಣ ಸೋಮವಾರಗಳಲ್ಲಿ ಅವರು ಬರತೊಡಗಿದರು. ಅವರನ್ನು ನೋಡಿ ಸುತ್ತಿನ ಊರುಗಳ ಲಿಂಗವಂತರ ಸಂಸಾರಗಳೂ ಬಂದವು. ಕೆರೆಗೆ ಕಳೆ ಬಂತು. ಪುಟ್ಟಬಸಮ್ಮ ಬರುವಾಗಲೆಲ್ಲ ಇವನ ಮನೆಗೆಂದು ಕಜ್ಜಾಯ ತರುತ್ತಿದ್ದರು, ಮಕ್ಕಳ ಕ್ಷೇಮ ಕೇಳುತ್ತಿದ್ದರು. ಆ ಕಜ್ಜಾಯವನ್ನು ಇವನು ಮುಟ್ಟದೆ ಮಕ್ಕಳಿಗೆ ಕೊಟ್ಟುಬಿಡುತ್ತಿದ್ದ. ಇಷ್ಟು ಒಳ್ಳೆಯ ಹೆಂಗಸಿನ ನೇಮ ಕೆಡಿಸುತ್ತಿದ್ದೇನಲ್ಲ ಎಂದುಕೊಳ್ಳುತ್ತಿದ್ದ. ಬೇರೆಯವರನ್ನು ಗಿರಗಿರ ತಿರುಗಿಸುವವನು ಅವರನ್ನು ಮಾತ್ರ ತಲೆ ತಗ್ಗಿಸಿಕೊಂಡು, ನೀರು ಅಲುಗದ ಹಾಗೆ, ನೆಟ್ಟಗೆ ಕರೆದೊಯ್ದು ನೆಟ್ಟಗೆ ಕರೆತರುತ್ತಿದ್ದ. ಹೇಳಿಬಿಡೋಣವೆಂದು ಎಷ್ಟೋ ಸಲ ಬಾಯಿ ತೆರೆದ. ಹೇಳಿದರೆ ಹರಿಗೋಲು ಹೋಯಿತು, ಮಾನವೂ ಹೋಯಿತು, ಮತ್ತೆ ಆ ಮಗ್ಗದ ಗುಂಡಿಯೇ ಗತಿ. ಬಾಯಿ ಮುಚ್ಚಿಕೊಂಡ.

ಅರವತ್ತೆಂಟರಲ್ಲಿ ಮಳೆ ಕಡಿಮೆ. ಕೆರೆಯ ನೀರು ಇಳಿದಿತ್ತು. ಕಾರ್ತಿಕದ ಮೊದಲ ಸೋಮವಾರ, ಪುಟ್ಟಬಸಮ್ಮ, ಮಗ, ಸೊಸೆ ಮಹಾದೇವಮ್ಮ, ಇನ್ನೂ ನಾಲ್ಕು ಜನ ಕೂತಿದ್ದಾಗ ನೀರೊಳಗಿನ ಜಾಲಿಮರದ ಮೋಟು ಹರಿಗೋಲಿಗೆ ತಗುಲಿ ಪರ್ರನೆ ಸದ್ದಾಯಿತು. ಎಲ್ಲರೂ ಶಿವಶಿವ ಎಂದರು. ವೆಂಕಟಸ್ವಾಮಿ ಜೋರಾಗಿ ಹುಟ್ಟು ಹಾಕಿ ದಡ ಮುಟ್ಟಿಸಿದ. ಇಳಿದು ನೋಡಿದರೆ ಹೊರಗಿನ ಬಟ್ಟೆ ಮೊಳದುದ್ದ ಹರಿದಿದೆ. ಸಂದಿಯಲ್ಲಿ ಕರಿಯ ಟಾರು ಕಂಡಿತೇ ಹೊರತು ಅದರ ಕೆಳಗಿನ ತೊಗಲು ಯಾರ ಕಣ್ಣಿಗೂ ಬೀಳಲಿಲ್ಲ.

"ಬಟ್ಟೆ ಅರಿದೋದ್ರೂ ಒಳಕ್ಕೆ ಒಂದು ತೊಟ್ಟು ನೀರು ಬಂದಿಲ್ಲ," ಎಂದ ಗುರುಪಾದಸ್ವಾಮಿ. ಅವನ ಕಣ್ಣಲ್ಲಿ ನೀರು. "ನಮ್ಮವ್ವನ ಲಿಂಗ ಕಾಪಾಡ್ತು."

ಮುಗಿಯಿತು. ಒಂದು ವಾರದಲ್ಲಿ ಸುದ್ದಿ ಹನೂರಿನವರೆಗೆ ಹೋಯಿತು. ಜನ ಗುಂಪುಗುಂಪಾಗಿ ಬಂದು ಹರಿಗೋಲಿಗೆ ಕೈಮುಗಿದರು. ಇವನು ಹೊಸ ಬಟ್ಟೆ ಹೊಲಿಯಲೆಂದು ಬಿಚ್ಚಿಟ್ಟ ಹರಕು ಬಟ್ಟೆಯನ್ನು ಚೂರುಚೂರು ಮಾಡಿ ಪ್ರಸಾದವೆಂದು ಒಯ್ದರು. ಬೇಡ ಎಂದರೆ, ಎಷ್ಟು ವಿನಯ ನೋಡಿ ಎಂದರು. ಇಂಥವರಿಗೆ ಏನು ಹೇಳುತ್ತೀರಿ?

ಆಮೇಲೆ ಒಂದು ಗುರುವಾರ ಹನೂರಿನ ಕಡೆಯ ಒಬ್ಬಳು ತಾಯಿ ಬಸ್ಸಿಳಿದು ಬಂದಳು. ಹೆಗಲ ಮೇಲೆ ಎರಡು ವರ್ಷದ ಮಗು. ಮೈ ಕೆಂಡ.

"ಒಂದು ಚೂರು ಬಟ್ಟೆ ಕೊಡಿ ಅಣ್ಣ, ರಟ್ಟೆಗೆ ಕಟ್ತೀನಿ. ಮೂರು ದಿವ್ಸದಿಂದ ಜ್ವರ ಇಳೀತಿಲ್ಲ."

"ಆಸ್ಪತ್ರೆಗೆ ತೋರಿಸ್ದಾ?"

"ಇಲ್ಲಿಗೆ ಬಂದ್ರೆ ಸಾಕು ಅಂದ್ರು."

ವೆಂಕಟಸ್ವಾಮಿ ಮುಂದಿನ ಮಾತಿಗೆ ಕಾಯಲಿಲ್ಲ. ಹರಿಗೋಲನ್ನು ಅಲ್ಲೇ ಬಿಟ್ಟು, ಮಗುವನ್ನು ತಾನೇ ಎತ್ತಿಕೊಂಡು ಸಿಕ್ಕ ಬಸ್ಸಿಗೆ ಹತ್ತಿ ಕೊಳ್ಳೇಗಾಲದ ಆಸ್ಪತ್ರೆಗೆ ಓಡಿದ. ಮಧ್ಯಾಹ್ನದವರೆಗೂ ಬಾಗಿಲಲ್ಲಿ ನಿಂತಿದ್ದ. ಸೂಜಿ ಕೊಟ್ಟರು, ಜ್ವರ ಇಳಿಯಿತು, ಮಗು ಕಣ್ಣು ಬಿಟ್ಟು ಇವನ ಮೀಸೆ ಎಳೆಯಿತು. ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಾಗುತ್ತಿತ್ತು ಎಂದರು ಡಾಕ್ಟರು. ತನ್ನ ಸುಳ್ಳು ಒಂದು ಕೂಸಿನ ಪ್ರಾಣಕ್ಕೆ ಬಂದಿತ್ತಲ್ಲ ಎಂದು ಅವನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟ.

ಮಾರನೆಯ ದಿನ ಹೊನ್ನೂರಿಗೆ ಹೋದ. ಪುಟ್ಟಬಸಮ್ಮ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಮಗ ಗದ್ದೆಗೆ ಹೋಗಿದ್ದ.

"ಅವ್ವ, ಅರಿಗೋಲು ಬರೀ ಬಟ್ಟೇದಲ್ಲ. ಒಳಗೆ ತೊಗಲದೆ. ಒಂಬತ್ತು ವರ್ಸ ಸುಳ್ಳೇಳ್ದೆ. ನಿಮ್ಮ ನೇಮ ಕೆಡಿಸ್ಬುಟ್ಟೆ."

ಅವರು ಕೈಯಲ್ಲಿದ್ದ ಕಾಯಿ ಸುಲಿದು ಮುಗಿಸಿದರು.

"ಎತ್ತಿಂದು ಅಲ್ವಾ?"

"ನಿಮಗೆಂಗೆ ಗೊತ್ತವ್ವ?" ಎಂದ ವೆಂಕಟಸ್ವಾಮಿ.

"ಐವತ್ತು ವರ್ಸ ಕೊಟ್ಟಿಗೇಲಿ ಸಗಣಿ ಬಾಚಿದೋಳು ಕಣಪ್ಪ ನಾನು. ಮಳೇಲಿ ನೆಂದ ಎತ್ತಿನ ವಾಸನೇನ ಟಾರು ಅಂದ್ರೆ ನಂಬ್ತೀನಾ? ಮೊದಲ್ನೆ ದಿವ್ಸವೇ ಗೊತ್ತಾಯ್ತು."

"ಮತ್ಯಾಕವ್ವ ಸುಮ್ನಿದ್ರಿ?"

"ಅನ್ನೆರಡು ವರ್ಸದೋಳು, ಮದುವೆ ಮಾಡ್ಕಂಡು ಗಾಡೀಲಿ ಬತ್ತಾ ಆ ಕೆರೆ ನೋಡ್ದೆ. ಒಂದ್ಸಲ ಅದರ ಮೇಲೆ ಓಗ್ಬೇಕು ಅನ್ನಿಸ್ತು. ನಮ್ಮ ಯಜಮಾನ್ರು ಇರೋತಂಕ ಆಗ್ನಿಲ್ಲ. ಆಮೇಲೆ ಮಗ ಅಡ್ಡ ಬಂದ. ನೀನು ಬಟ್ಟೆ ಅಂದೆ. ಸದ್ಯ, ಯಾರೋ ಒಬ್ಬ ದಾರಿ ಮಾಡ್ಕೊಟ್ಟ ಅಂದ್ಕಂಡೆ." ಅವರು ಸಿಪ್ಪೆ ಕೊಡವಿದರು. "ನಾನೂ ಒಂಬತ್ತು ವರ್ಸದಿಂದ ಎದರ್ಕಂಡೇ ಇವ್ನಿ ಕಣ್ಲಾ. ಇವ್ನಿಗೆ ಎಲ್ಲಿ ಒಳ್ಳೆ ಬುದ್ಧಿ ಬಂದು ನಿಜ ಏಳ್ಬುಟ್ಟಾನೋ, ನಾನೆಲ್ಲಿ ಮನೇಲಿ ಕೂರ್ಬೇಕಾಯ್ತದೋ ಅಂತ."

ವೆಂಕಟಸ್ವಾಮಿ ನಗಬೇಕೋ ಅಳಬೇಕೋ ತಿಳಿಯದೆ ಜಗುಲಿಯ ಅಂಚಿನಲ್ಲಿ ಕುಸಿದು ಕೂತ. ಬೆನ್ನ ಮೇಲಿನ ಮೂಟೆ ಇಳಿಸಿದ ಹಾಗಾಗಿತ್ತು. ಆಮೇಲೆ ಮಗುವಿನ ಕಥೆ ಹೇಳಿದ. ಮುದುಕಿಯ ಮುಖ ಬದಲಾಯಿತು.

"ಅಂಗಾದ್ರೆ ಎಲ್ಲಾರ್ಗೂ ಏಳ್ಲೇಬೇಕು."

"ಜನ ಬರ್ದೆ ಓದ್ರೆ ಅವ್ವ?"

"ನಾನು ಬತ್ತೀನಲ್ಲ. ಆದ್ರೆ ನಾನು ಅತ್ತಿ ಕೂತ್ಮೇಲೆ ಏಳು. ಮೊದ್ಲೇ ಏಳ್ಬುಟ್ಟೀಯೆ, ನನ್ ಮಗ ಅತ್ತಕ್ಕೆ ಬುಡಕಿಲ್ಲ."

ಸೋಮವಾರ ದಂಡೆಯಲ್ಲಿ ನಲವತ್ತು ಜನ. ಪುಟ್ಟಬಸಮ್ಮ ಕೋಲೂರಿಕೊಂಡು ಬಂದು, ಹತ್ತಿ, ಸೆರಗು ಸರಿಮಾಡಿಕೊಂಡು ಕೂತು, ಇವನ ಕಡೆ ನೋಡಿ ಕಣ್ಣಲ್ಲೇ ಹೂಂ ಅಂದರು. ವೆಂಕಟಸ್ವಾಮಿ ಜನರ ಕಡೆ ತಿರುಗಿ ಹೇಳಿದ.

"ಇದು ಬರೀ ಬಟ್ಟೆ ಅರಿಗೋಲಲ್ಲ ಕಣ್ರಪ್ಪಾ. ಒಳಗೆ ಎತ್ತಿನ ತೊಗಲದೆ. ಅವತ್ತು ನೀರು ತಡೆದದ್ದು ಅದೇಯ. ಮಹಿಮೆ ಗಿಹಿಮೆ ಏನಿಲ್ಲ. ನಾನೇ ಸುಳ್ಳೇಳ್ದೋನು. ಬಟ್ಟೆ ಚೂರು ತಕಂಡೋಗಿರೋರು ಒಲೆಗಾಕಿ. ಮಕ್ಕಳಿಗೆ ಜ್ವರ ಬಂದ್ರೆ ಆಸ್ಪತ್ರೆಗೆ ಕರ್ಕಂಡೋಗಿ."

ಗುರುಪಾದಸ್ವಾಮಿಯ ಮುಖ ಕೆಂಪೇರಿತು. ಅವನು ವೆಂಕಟಸ್ವಾಮಿಯ ಕಡೆ ನೋಡಲೂ ಇಲ್ಲ.

"ಅವ್ವ, ಇಳಿ."

"ಮಂಡಿ ನೋವು ಕಣ್ಲಾ. ಅತ್ತಿದ್ದಾಯ್ತು."

"ತೊಗಲು ಅವ್ವ."

"ಶಿವ ಸೊಂಟಕ್ಕೆ ಸುತ್ಕಂಡಿರೋದು ಏನ್ಲಾ? ಕೊಳ್ಳೇಗಾಲದ ರೇಷ್ಮೆ ಪಂಚೆಯಾ?"

ಹಿಂದೆ ಯಾರೋ ಕಿಸಕ್ಕೆಂದರು. ಗುರುಪಾದಸ್ವಾಮಿ ನಗಲಿಲ್ಲ. ಎರಡು ಸಂಸಾರದವರು ಮಾತಿಲ್ಲದೆ ಬಸ್ಸಿನ ಕಡೆ ಹೊರಟುಹೋದರು, ಮತ್ತೆಂದೂ ಬರಲಿಲ್ಲ. ಗುರುಪಾದಸ್ವಾಮಿ ತಾಯಿಯನ್ನು ನೋಡಿದ, ಹರಿಗೋಲು ನೋಡಿದ, ಕೊನೆಗೆ ತನ್ನ ಕಾಲು ನೋಡಿಕೊಂಡ. ಮೆಟ್ಟನ್ನು ದಂಡೆಯಲ್ಲಿ ಕಳಚಿಟ್ಟು ಹತ್ತಿ ತಾಯಿಯ ಪಕ್ಕ ಕೂತ. ಅವನ ಹಿಂದೆ ಮಹಾದೇವಮ್ಮ ಹತ್ತಿದಳು. ಉಳಿದವರು ಮುಂದಿನ ಸುತ್ತು ನಮ್ಮದು ಎಂದು ದಂಡೆಯಲ್ಲೇ ಸಾಲಾಗಿ ಕೂತರು.

ವೆಂಕಟಸ್ವಾಮಿ ಹುಟ್ಟು ಹಾಕಿದ. ಒಂಬತ್ತು ವರ್ಷದಲ್ಲಿ ಮೊದಲ ಸಲ ಅವನು ತಲೆಯೆತ್ತಿ ಆ ಮುದುಕಿಯ ಮುಖ ನೋಡುತ್ತಾ ಹುಟ್ಟು ಹಾಕುತ್ತಿದ್ದ. ಕೆರೆಯ ನಡುವೆ ಬಂದಾಗ ಅವರು ಕೈ ಎತ್ತಿ ನಿಲ್ಲಿಸಿದರು.

"ಇನ್ನೇನಾದ್ರೂ ಸುಳ್ಳು ಉಳಿಸ್ಕಂಡಿದ್ದೀಯಾ?"

"ಇಲ್ಲ ಅವ್ವ. ಅಷ್ಟೇಯ."

"ಅಂಗಾದ್ರೆ ಮೈಸೂರೋರಿಗೆ ತಿರುಗಿಸ್ತೀಯಲ್ಲ ಗಿರಗಿರ ಅಂತ, ಅಂಗೆ ತಿರುಗ್ಸು. ಒಂಬತ್ತು ವರ್ಸದಿಂದ ಕೇಳಕ್ಕೆ ನಾಚ್ಕೆ ನಂಗೆ."

ಅವನು ಹುಟ್ಟನ್ನು ನೀರಿಗೆ ಆಳವಾಗಿ ಇಳಿಸಿ ತಿರುಗಿಸಿದ. ಮಂಟಪ, ಹುಣಸೆಮರ, ಬೆಟ್ಟ, ದಂಡೆಯ ಜನ ಎಲ್ಲ ಸುತ್ತತೊಡಗಿದವು. ಗುರುಪಾದಸ್ವಾಮಿ ಹೆದರಿ ಅವ್ವನ ತೋಳು ಹಿಡಿದುಕೊಂಡ. ಪುಟ್ಟಬಸಮ್ಮ ಒಂದು ಕೈಯಲ್ಲಿ ಕೊರಳಿನ ಕರಡಿಗೆಯನ್ನೂ ಇನ್ನೊಂದು ಕೈಯಲ್ಲಿ ಹರಿಗೋಲಿನ ಅಂಚನ್ನೂ ಹಿಡಿದು, ಬೊಚ್ಚುಬಾಯಿ ತೆರೆದು ನಗುತ್ತಿದ್ದರು. ಸಾಕು ಅನ್ನುವವರೆಗೂ ಅವನು ತಿರುಗಿಸಿದ. ಅವರು ಬಹಳ ಹೊತ್ತು ಸಾಕು ಅನ್ನಲಿಲ್ಲ.